ಚೇತನ್, ಭಾನುವಾರದ ಆಫರ್ ಹೋದರೆ ಹೋಗಲಿ

ಚೇತನ್, ಚಿಕ್ಕಪ್ಪ ಕಣೋ. ಟೈಪ್ ಮಾಡಿ ಮುಗಿಯುವ ಮಾತಲ್ಲ, ಅದಕ್ಕೇ ವಾಯ್ಸ್ ಕಳಿಸುತ್ತಾ ಇದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಹಿಡ್ಕೊಂಡು ಕೂತು ಕೇಳು. ಮಧ್ಯೆ ಟ್ರ್ಯಾಕ್ಟರ್ ಸದ್ದು ಬಂದರೆ ಬೈಯಬೇಡ, ಜಗಲಿ ಮೇಲೆ ಕೂತಿದ್ದೇನೆ.

ಬೆಳಿಗ್ಗೆ ನೀನು ಗ್ರೂಪಿಗೆ ಹಾಕಿದ್ದು ನೋಡಿದೆ. ಪೋಲೊ ಕಾರಿಗೆ ಮುಂದೆ ಕೋನ್ ಆಕಾರದ ಏರ್ ಫಿಲ್ಟರ್, ಟರ್ಬೊದಿಂದ ಹೊಗೆ ಇಳಿಯುವ ಡೌನ್‌ಪೈಪ್, ಎಕ್ಸಾಸ್ಟ್ ಎಲ್ಲ ಹಾಕಿಸುವ ಪ್ಲಾನ್ ಇದೆ. ಹೇಗಿದ್ದರೂ ಟ್ಯೂನಿಂಗ್ ಸಾಫ್ಟ್‌ವೇರ್ ಬೇಕೇ ಬೇಕು. ಕೇಬಲ್ಲೂ ಲೈಸೆನ್ಸೂ ಸೇರಿ 45 ಸಾವಿರ, ಭಾನುವಾರದವರೆಗೆ ಆಫರ್. ಈಗಲೇ ತಗೊಂಡುಬಿಡಲಾ, ಪಾರ್ಟ್ಸ್ ಹಾಕಿದ ಮೇಲೆ ತಗೊಳ್ಳಲಾ. ಇಷ್ಟು ತಾನೇ ನಿನ್ನ ಪ್ರಶ್ನೆ? ಅದರ ಕೆಳಗೆ ನಿಮ್ಮಮ್ಮ "ಅದು ಮೊಬೈಲಿಗಾ?" ಅಂತ ಕೇಳಿದ್ದಾರೆ. ಅತ್ತಿಗೆ, ಮೊಬೈಲಿಗಲ್ಲ. ಕಾರಿನ ಇಂಜಿನ್ನಿಗೆ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ, ಇಸಿಯು ಅಂತಾರೆ. ಎಷ್ಟು ಪೆಟ್ರೋಲ್ ಬಿಡಬೇಕು, ಕಿಡಿ ಯಾವಾಗ ಹೊಡೆಯಬೇಕು, ಟರ್ಬೊ ಎಷ್ಟು ಗಾಳಿ ತಳ್ಳಬೇಕು, ಎಲ್ಲ ಅದರಲ್ಲಿ ಮಗ್ಗಿ ಪುಸ್ತಕದ ಹಾಗೆ ಬರೆದಿರುತ್ತದೆ. ಅದಕ್ಕೇ ಮ್ಯಾಪ್ ಅಂತಾರೆ. ಆ ಅಂಕಿಗಳನ್ನು ತಿದ್ದುವುದಕ್ಕೆ ನಿಮ್ಮ ಮಗ 45 ಸಾವಿರ ಕೊಡಲು ಹೊರಟಿದ್ದಾನೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಭಾನುವಾರಕ್ಕೆ ತಗೋಬೇಡ. ಯಾಕೆ ಅಂತ ಆಮೇಲೆ.

ಹಾಗಂತ ನೀನು ಕೇಳಿದ್ದು ಪೆದ್ದು ಪ್ರಶ್ನೆ ಅಲ್ಲ. ಅರ್ಧ ಸರಿಯಾಗಿಯೇ ಯೋಚನೆ ಮಾಡಿದ್ದೀಯ. ನಿನ್ನದು ಜಿಟಿ, 1.2 ಟಿಎಸ್‌ಐ, ಟರ್ಬೊ ಇಂಜಿನ್. ಕಂಪನಿ ಲೆಕ್ಕ 105 ಪಿಎಸ್ ಪವರ್, 175 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಇಂಥ ಕಾರಿನಲ್ಲಿ ನೀನು ಕಾಲು ಒತ್ತಿದರೆ ಇಸಿಯು ಮೊದಲು ಇಷ್ಟು ಟಾರ್ಕ್ ಬೇಕು ಅಂತ ಲೆಕ್ಕ ಹಾಕಿಕೊಳ್ಳುತ್ತದೆ. ಆಮೇಲೆ ಅದಕ್ಕೆ ತಕ್ಕಷ್ಟು ಬೂಸ್ಟ್, ಅಂದರೆ ಟರ್ಬೊ ತಳ್ಳುವ ಗಾಳಿಯ ಒತ್ತಡ, ಮಾಡಿಸುತ್ತದೆ. ಫಿಲ್ಟರ್ ಬದಲಾಯಿಸಿದೆ ಅಂದ್ಕೋ. ಗಾಳಿ ಸ್ವಲ್ಪ ಸಲೀಸಾಗಿ ಬಂತು. ಇಸಿಯು ಏನು ಮಾಡುತ್ತದೆ? ಟರ್ಬೊಗೆ ಅಷ್ಟು ಕಷ್ಟ ಕೊಡದೆ ಅದೇ 175ಕ್ಕೆ ತಂದು ನಿಲ್ಲಿಸುತ್ತದೆ. ನಿನಗೆ ಸಿಗೋದು ಹೆಚ್ಚುಕಮ್ಮಿ ಸದ್ದು ಮಾತ್ರ. ಹಾಗಾಗಿ ಟರ್ಬೊ ಕಾರಿನಲ್ಲಿ ಮ್ಯಾಪ್ ಮೊದಲು, ಪಾರ್ಟ್ಸ್ ಆಮೇಲೆ ಅನ್ನೋದು ನ್ಯಾಯವೇ. ನಿಮ್ಮಕ್ಕನ ಸ್ವಿಫ್ಟ್ ಆಗಿದ್ದರೆ ಈ ಮಾತೇ ಬೇಡ. ಅದರಲ್ಲಿ ಟರ್ಬೊ ಇಲ್ಲ. ಏನು ತಿದ್ದಿದರೂ ನೂರಕ್ಕೆ ಐದೋ ಹತ್ತೋ ಏರಿದರೆ ದೊಡ್ಡದು.

ಆದರೆ ಮ್ಯಾಪ್ ಬೇರೆ, ಮ್ಯಾಪ್ ತಿದ್ದುವ ಸಾಫ್ಟ್‌ವೇರ್ ಬೇರೆ. ನೀನು ಎರಡನ್ನೂ ಒಂದೇ ಅಂದ್ಕೊಂಡಿದ್ದೀಯ. ಇದನ್ನು ನಾನು ಡೀಸೆಲ್ ಇಂಜಿನ್ ಪಂಪ್ ರಿಪೇರಿ ಮಾಡುತ್ತಿದ್ದ ರೂಮಿನ ಕಥೆಯಿಂದಲೇ ಹೇಳಬೇಕು.

ನೀನು ಚಿಕ್ಕವನಿದ್ದಾಗ ಬಂದು ಪಂಪ್ ಟೆಸ್ಟ್ ಮಾಡುವ ಬೆಂಚ್ ಪಕ್ಕ ನಿಂತುಕೊಳ್ಳುತ್ತಿದ್ದೆಯಲ್ಲ, ನೆನಪಿದೆಯಾ? ಕಬ್ಬಿನ ಸೀಸನ್ ಬಂತು ಅಂದರೆ ಟ್ರ್ಯಾಕ್ಟರಿನವರು, ಲಾರಿಯವರು ಸಾಲುಗಟ್ಟಿ ಬರುತ್ತಿದ್ದರು. ಎಲ್ಲರದ್ದೂ ಒಂದೇ ಮಾತು: "ಅಣ್ಣ, ಪಂಪ್ ಒಂಚೂರು ಜಾಸ್ತಿ ಕೊಡು, ಲೋಡ್ ಎಳೀತಿಲ್ಲ." ಇಂಜಿನ್ನಿಗೆ ಡೀಸೆಲ್ ತಳ್ಳುವ ಪಂಪಿನಲ್ಲಿ ಒಂದು ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿದರೆ ಡೀಸೆಲ್ ಜಾಸ್ತಿ ಹೋಗುತ್ತದೆ. ಕಂಪನಿಯವರು ತಂತಿ ಸುತ್ತಿ ಸೀಸದ ಸೀಲ್ ಒತ್ತಿ ಕಳಿಸುತ್ತಿದ್ದರು, ಯಾರೂ ಮುಟ್ಟಬಾರದು ಅಂತ. ಅದನ್ನು ಕಿತ್ತು ತಿರುಗಿಸುವವರು ಊರಿಗೆ ಹತ್ತು ಜನ ಇದ್ದರು. ಸ್ಕ್ರೂಡ್ರೈವರ್ ಯಾರ ಹತ್ತಿರ ಇಲ್ಲ ಹೇಳು? ಗಾಡಿ ಎರಡು ವಾರ ಜೋರಾಗಿ ಎಳೆಯುತ್ತಿತ್ತು. ಹಿಂದೆ ಬರುವವರ ಮುಖಕ್ಕೆಲ್ಲ ಕಪ್ಪು ಹೊಗೆ. ಮೂರನೇ ವಾರ ಪಿಸ್ಟನ್ ಸುಟ್ಟುಕೊಂಡು ಕಟ್ಟಿ ಎಳೆದುಕೊಂಡು ಬರುತ್ತಿದ್ದರು.

ನಾನು ಏನು ಮಾಡುತ್ತಿದ್ದೆ? ನೇರ ಸ್ಕ್ರೂಗೆ ಕೈ ಹಾಕುತ್ತಿರಲಿಲ್ಲ. ಮೊದಲು ಏರ್ ಫಿಲ್ಟರ್ ಬಿಚ್ಚಿಸುತ್ತಿದ್ದೆ. ಅರ್ಧ ಗಾಡಿಗಳ ಕಾಯಿಲೆ ಅಲ್ಲೇ ಇರುತ್ತಿತ್ತು, ಕಬ್ಬಿನ ಗದ್ದೆ ಧೂಳು. ಆಮೇಲೆ ಡೀಸೆಲ್ ಚಿಮ್ಮಿಸುವ ನಾಜಲ್ ನೋಡುವುದು. ಆಮೇಲೆ ಪಂಪ್ ಇಳಿಸಿ ಬೆಂಚ್ ಮೇಲೆ ಕೂರಿಸುವುದು. ಮೋಟಾರ್ ತಿರುಗಿಸಿದರೆ ನಾಲ್ಕು ಗಾಜಿನ ಕೊಳವೆಗಳಿಗೆ ಎಣ್ಣೆ ಇಳಿಯುತ್ತಿತ್ತು, ಒಂದೊಂದು ಸಿಲಿಂಡರಿನ ಪಾಲು ಒಂದೊಂದಕ್ಕೆ. ಇಂತಿಷ್ಟು ಸ್ಟ್ರೋಕಿಗೆ ಇಂತಿಷ್ಟು ಎಂಎಲ್, ಕಣ್ಣಮಟ್ಟಕ್ಕೆ ಬಗ್ಗಿ ಗೆರೆ ನೋಡಬೇಕು. ಎಷ್ಟೋ ಸಲ ಮೂರು ಕೊಳವೆ ಸಮ ಇದ್ದು ನಾಲ್ಕನೆಯದು ಕೆಳಗಿರುತ್ತಿತ್ತು. ಅದೊಂದನ್ನು ಸಮ ಮಾಡಿದರೆ ಗಾಡಿ ಎಳೆಯುತ್ತಿತ್ತು, ಹೊಗೆಯೂ ಇಲ್ಲ, ಸೀಲೂ ಹಾಗೇ. ಸ್ಕ್ರೂ ತಿರುಗಿಸೋದು ಎರಡು ನಿಮಿಷದ ಕೆಲಸ ಕಣೋ. ಎಷ್ಟು ತಿರುಗಿಸಬೇಕು ಅಂತ ಹೇಳುತ್ತಿದ್ದದ್ದು ಆ ಬೆಂಚು.

ನೀನು ಈಗ ಕೊಳ್ಳಲು ಹೊರಟಿರುವುದು ಆ ಸ್ಕ್ರೂಡ್ರೈವರ್. ಬೆಂಚ್ ಎಲ್ಲಿದೆ?

ನಿನ್ನ ಇಂಜಿನ್ನಿಗೆ ಬೆಂಚ್ ಅಂದರೆ ಕಾರನ್ನು ಉರುಳೆ ಮೇಲೆ ಓಡಿಸಿ ಪವರ್ ಅಳೆಯುವ ಡೈನೋ, ಹೊಗೆಯಲ್ಲಿನ ಆಕ್ಸಿಜನ್ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್, ಆಮೇಲೆ ಲಾಗ್, ಅಂದರೆ ಓಡುವಾಗ ದಾಖಲಾದ ಅಂಕಿಗಳನ್ನು ಓದುವ ಕಣ್ಣು. ಕಿಡಿಯನ್ನು ಎರಡು ಡಿಗ್ರಿ ಮುಂದಕ್ಕೆ ತಂದರೆ ಪವರ್ ಬರುತ್ತದೆ ಅಂತ ಯಾರು ಬೇಕಾದರೂ ಹೇಳುತ್ತಾರೆ. ಮೂರನೇ ಸಿಲಿಂಡರಿನಲ್ಲಿ ನಾಕಿಂಗ್, ಅಂದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಸಿಡಿಯುವುದು, ಶುರುವಾಗಿದೆ ಅಂತ ನಿನಗೆ ಹೇಳುವವರು ಯಾರು? ಕಿವಿಗೆ ಕೇಳುವ ಹೊತ್ತಿಗೆ ಇಂಜಿನ್ ಪೆಟ್ಟು ತಿಂದಿರುತ್ತದೆ.

ಇನ್ನು ಆ ಸಾಫ್ಟ್‌ವೇರಿನ ವ್ಯವಹಾರ. ಸಾಮಾನ್ಯವಾಗಿ ಲೈಸೆನ್ಸ್ ಒಂದು ಕಾರಿನ ಇಸಿಯುಗೆ ಅಂಟಿಕೊಂಡಿರುತ್ತದೆ. ಅಮೆರಿಕದ ಎಚ್‌ಪಿ ಟ್ಯೂನರ್ಸ್ ಥರದವರು ಕ್ರೆಡಿಟ್ ಅಂತ ಮಾರುತ್ತಾರೆ, ಒಂದು ಗಾಡಿಗೆ ಇಷ್ಟು ಕ್ರೆಡಿಟ್ ಅಂತ. ಕಾರು ಮಾರಿದೆಯೋ, ಆ ದುಡ್ಡು ಕಾರಿನ ಜೊತೆ ಹೋಯ್ತು. ಮೊದಲು ಕೇಳಬೇಕಾದ್ದು ನಿನ್ನ ಇಸಿಯು ಅವರ ಪಟ್ಟಿಯಲ್ಲಿ ಇದೆಯಾ ಅಂತ. ಪೋಲೊ ಅಂದರೆ ಸಾಲದು. ಇಸಿಯುವಿನ ಪಾರ್ಟ್ ನಂಬರ್, ಸಾಫ್ಟ್‌ವೇರ್ ನಂಬರ್ ಎರಡೂ ಕೊಟ್ಟು ಬರವಣಿಗೆಯಲ್ಲಿ ಉತ್ತರ ತಗೋ. ಮತ್ತೆ, ನಾಳೆ ನೀನು ಯಾವುದಾದರೂ ಒಳ್ಳೆ ಟ್ಯೂನರ್ ಹತ್ತಿರ ಹೋದರೆ ಅವರು ತಮ್ಮದೇ ಟೂಲ್ ಬಳಸುತ್ತಾರೆ. ನಿನ್ನ ಕೇಬಲ್ ಅವರಿಗೆ ಬೇಡ. ಆಗ 45 ಸಾವಿರ ಶೋಕೇಸಿಗೆ.

ಫ್ಲ್ಯಾಶ್ ಮಾಡುವಾಗ, ಅಂದರೆ ಹೊಸ ಮ್ಯಾಪನ್ನು ಇಸಿಯುಗೆ ಬರೆಯುವಾಗ, ಬ್ಯಾಟರಿ ವೋಲ್ಟೇಜ್ ಇಳಿಯಬಾರದು. ಅರ್ಧಕ್ಕೆ ನಿಂತರೆ ಇಸಿಯು ಸತ್ತ ಹಾಗೆ, ಬಿಚ್ಚಿ ಬೆಂಚ್ ಮೇಲಿಟ್ಟು ಎಬ್ಬಿಸಬೇಕು. ಅದಕ್ಕೇ ಚಾರ್ಜರ್ ಹಾಕಿಕೊಂಡು ಮಾಡುತ್ತಾರೆ. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತೋ ಆ ಭಗವಂತನಿಗೇ ಗೊತ್ತು.

ಈಗ ನನ್ನದೇ ಮಾನ ಹರಾಜು ಹಾಕಿಕೊಳ್ಳುತ್ತೇನೆ. ನಮ್ಮ ಹಳೇ ಸೆಡಾನ್ ಇತ್ತಲ್ಲ, ಅದಕ್ಕೆ ಪಿಕಪ್ಪೇ ಇಲ್ಲದ ಹಾಗಾಯ್ತು. ಸಿಗ್ನಲ್‌ನಲ್ಲಿ ನಿಂತರೆ ನಡುಕ. ಒಂದು ಕಡೆ ತೋರಿಸಿದೆ, ಯಾರು ಅಂತ ಬೇಡ. "ಸಾರ್, ರೀಮ್ಯಾಪ್ ಮಾಡಿಸಿ, ಕಾರು ಹಾರುತ್ತೆ" ಅಂದರು. ಡೀಸೆಲ್ ಪಂಪಿನಲ್ಲಿ ಕೂದಲು ನರೆಸಿಕೊಂಡ ನಾನೂ ಹೂಂ ಅನ್ನುವ ಹಂತಕ್ಕೆ ಬಂದಿದ್ದೆ. ಪಕ್ಕದ ಮನೆ ಹುಡುಗ ಒಂದು ಬ್ಲೂಟೂತ್ ಡಾಂಗಲ್ ತಂದು ಸ್ಟೀರಿಂಗ್ ಕೆಳಗೆ ಕಾರಿನ ತಪಾಸಣೆಗೆ ಅಂತ ಇರುವ ಓಬಿಡಿ ಪೋರ್ಟಿಗೆ ಚುಚ್ಚಿದ. ಫೋನಿನಲ್ಲಿ ಫ್ಯೂಯಲ್ ಟ್ರಿಮ್ ಅಂತ ಒಂದು ಅಂಕಿ. ಇಸಿಯು ತಾನು ಲೆಕ್ಕ ಹಾಕಿದ್ದಕ್ಕಿಂತ ಎಷ್ಟು ಪೆಟ್ರೋಲ್ ಜಾಸ್ತಿ ಬಿಡಬೇಕಾಗಿದೆ ಅನ್ನುವ ಲೆಕ್ಕ ಅದು. ಐಡ್ಲಿಂಗ್‌ನಲ್ಲಿ ನೂರಕ್ಕೆ 18 ತೋರಿಸುತ್ತಿತ್ತು. ಇಂಜಿನ್ ವೇಗ 2500 ಆರ್‌ಪಿಎಂಗೆ ಏರಿಸಿದರೆ 4ಕ್ಕೆ ಇಳಿಯಿತು. ಅಲ್ಲಿಗೆ ನನಗೆ ಗೊತ್ತಾಯ್ತು. ಗಾಳಿ ಅಳೆಯುವ ಸೆನ್ಸರ್ ದಾಟಿದ ಮೇಲೆ ಎಲ್ಲೋ ಗಾಳಿ ಕಳ್ಳತನದಲ್ಲಿ ಒಳಗೆ ಬರುತ್ತಿದೆ. ಇಂಜಿನ್ ಸಣ್ಣಗೆ ಉಸಿರಾಡುವಾಗ ಆ ತೂತು ದೊಡ್ಡದು, ಜೋರಾಗಿ ಉಸಿರಾಡುವಾಗ ಲೆಕ್ಕಕ್ಕಿಲ್ಲ. ಟಾರ್ಚ್ ಹಾಕಿ ಹುಡುಕಿದರೆ ವ್ಯಾಕ್ಯೂಮ್ ಹೋಸ್‌ನಲ್ಲಿ ಕಿರುಬೆರಳು ಹೋಗುವಷ್ಟು ತೂತು, ಸುತ್ತ ಹಲ್ಲಿನ ಗುರುತು. ಇಲಿ! ಹುಲ್ಲಿನ ಮೆದೆ ಪಕ್ಕ ಕಾರು ನಿಲ್ಲಿಸುತ್ತಿದ್ದೆನಲ್ಲ. ಹೋಸಿಗೆ ಇನ್ನೂರು ರೂಪಾಯಿಯೂ ಆಗಲಿಲ್ಲ. ಅದರ ಮೇಲೆ ರೀಮ್ಯಾಪ್ ಮಾಡಿಸಿದ್ದರೆ ಇಲಿ ತೂತಿಗೆ ತಕ್ಕ ಹಾಗೆ ಮ್ಯಾಪ್ ಬರೆಸಿಕೊಂಡಿರುತ್ತಿದ್ದೆ.

ನಿನ್ನದು ಸೆಕೆಂಡ್ ಹ್ಯಾಂಡ್ ಕಾರು. ಹಿಂದಿನವನು ಏನೇನು ಮಾಡಿದ್ದಾನೋ. ಅವನೇ ಒಂದು ಮ್ಯಾಪ್ ಹಾಕಿಸಿ ಬಿಟ್ಟುಹೋಗಿದ್ದರೂ ಆಶ್ಚರ್ಯ ಇಲ್ಲ, ಅದನ್ನೂ ಚೆಕ್ ಮಾಡಿಸು.

ಹಾಗಾಗಿ ಈಗ ಓದುವ ಸಾಮಾನು ತಗೋ, ಬರೆಯುವುದು ಬೇಡ. ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳಿಗೆ ಓಬಿಡಿ ಇಲೆವೆನ್, ವಿಸಿಡಿಎಸ್ ಅಂತ ಇವೆ. ಸಾದಾ ಡಾಂಗಲ್ಲಿಗಿಂತ ದುಬಾರಿ, ಆದರೆ ಒಳಗಿನ ವಿಷಯ ಚೆನ್ನಾಗಿ ತೋರಿಸುತ್ತವೆ. ಪ್ಲಗ್, ಏರ್ ಫಿಲ್ಟರ್, ಆಯಿಲ್ ಹೊಸದು ಮಾಡಿಸು. ಆಮೇಲೆ ಮಧ್ಯಾಹ್ನದ ಬಿಸಿಲಿನಲ್ಲಿ ಚಾಮುಂಡಿ ಬೆಟ್ಟ ಹತ್ತುತ್ತಾ ಒಂದು ಲಾಗ್, ಹೈವೇಯಲ್ಲಿ ಒಂದು ಲಾಗ್. ಫೋನ್ ಪಕ್ಕದಲ್ಲಿ ಕೂತವರ ಕೈಯಲ್ಲಿರಲಿ, ನೀನು ನೋಡಬೇಡ. ಬೂಸ್ಟ್ ಎಷ್ಟು ಕೇಳಿದೆ, ಎಷ್ಟು ಬಂದಿದೆ, ಒಳಗೆ ಬರುವ ಗಾಳಿಯ ಬಿಸಿ ಎಷ್ಟು, ಇಸಿಯು ನಾಕಿಂಗ್‌ಗೆ ಹೆದರಿ ಕಿಡಿಯನ್ನು ಎಷ್ಟು ಹಿಂದಕ್ಕೆ ಎಳೆಯುತ್ತಿದೆ, ಇವು ಬೇಕು. ಎರಡು ಮೂರು ತಿಂಗಳು ಬೇರೆ ಬೇರೆ ದಿನ ಹೀಗೆ ಬರೆದಿಟ್ಟುಕೋ. ಆ ಅಂಕಿಗಳು ನಿನಗೆ ಅರ್ಥ ಆಗಿ, ಅದರಲ್ಲಿ ಖುಷಿ ಸಿಕ್ಕಿತೋ, ಆಗ ಸಾಫ್ಟ್‌ವೇರ್ ತಗೋ. ನಾನೇ ಅರ್ಧ ದುಡ್ಡು ಕೊಡುತ್ತೇನೆ. ಗ್ರೂಪಿನಲ್ಲೇ ಹೇಳಿದ್ದೇನೆ, ಸಾಕ್ಷಿ ಇದೆ.

ಸ್ವಂತ ಸಾಫ್ಟ್‌ವೇರ್‌ಗೆ ಬೆಲೆ ಬರುವುದು ಪಾರ್ಟ್ಸ್ ಪದೇ ಪದೇ ಬದಲಾಗುವಾಗ. ದೊಡ್ಡ ಟರ್ಬೊ, ದೊಡ್ಡ ಇಂಜೆಕ್ಟರ್ ಹಾಕಿದರೆ ಮ್ಯಾಪ್ ತಿದ್ದದೆ ಕಾರು ಸರಿಯಾಗಿ ಓಡುವುದೇ ಇಲ್ಲ. ನಿನ್ನ ಪಟ್ಟಿಯಲ್ಲಿ ಅಂಥದ್ದು ಯಾವುದೂ ಇಲ್ಲ. ಪವರ್ ಈಗಲೇ ಬೇಕು ಅಂದರೆ ಬೆಂಗಳೂರಿನಲ್ಲಿ ಡೈನೋ ಇಟ್ಟುಕೊಂಡಿರುವ ಟ್ಯೂನರ್ ಹತ್ತಿರ ಸ್ಟೇಜ್ 1, ಅಂದರೆ ಪಾರ್ಟ್ಸ್ ಬದಲಿಸದೆ ಬರೀ ಮ್ಯಾಪ್ ತಿದ್ದುವುದು, ಮಾಡಿಸು. ದುಡ್ಡು ಕೊಡುವ ಮುಂಚೆ ಎರಡು ಪ್ರಶ್ನೆ ಕೇಳು. ಮುಂದೆ ಡೌನ್‌ಪೈಪ್ ಹಾಕಿದರೆ ಮ್ಯಾಪ್ ತಿದ್ದುವುದಕ್ಕೆ ಎಷ್ಟು? ಕಂಪನಿಯ ಮೂಲ ಫೈಲ್ ನನಗೆ ಕೊಡುತ್ತೀರಾ? ಎರಡನೆಯದಕ್ಕೆ ತಡವರಿಸಿದರೆ ಎದ್ದು ಬಾ. ಶೋರೂಮಿನವರು ಸರ್ವಿಸ್‌ನಲ್ಲಿ ಇಸಿಯು ಅಪ್‌ಡೇಟ್ ಮಾಡಿದರೆ ನಿನ್ನ ಮ್ಯಾಪ್ ಅಳಿಸಿಹೋಗಬಹುದು, ಅದನ್ನೂ ಮಾತಾಡಿಕೋ.

ಗೇರ್‌ಬಾಕ್ಸ್ ಮರೆತೆ ನೋಡು. ನಿನ್ನದು ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್, ಒಣ ಕ್ಲಚ್ಚಿನದು. ಅದರ ಮಿತಿ 250 ನ್ಯೂಟನ್ ಮೀಟರ್. ಟಾರ್ಕ್ ಕಾಲು ಭಾಗ ಏರಿದರೂ 220ರ ಹತ್ತಿರ ಆಗುತ್ತದೆ. ಕಾಗದದ ಮೇಲೆ ಜಾಗ ಇದೆ. ಆದರೆ ದಿನಾ ಹೆಬ್ಬಾಳದ ಟ್ರಾಫಿಕ್‌ನಲ್ಲಿ ತೆವಳಿದ ಕ್ಲಚ್ಚಿಗೆ ಕಾಗದದ ಲೆಕ್ಕ ಗೊತ್ತಿರಲ್ಲ. ಫಸ್ಟ್, ಸೆಕೆಂಡ್‌ನಲ್ಲಿ ಈಗಲೇ ನಡುಕ ಇದ್ದರೆ ಮೊದಲು ಅದಕ್ಕೆ ದುಡ್ಡು ಎತ್ತಿಡು.

ಪೆಟ್ರೋಲ್ ವಿಷಯ. ಯಾವ ಆಕ್ಟೇನಿಗೆ, ಅಂದರೆ ಪೆಟ್ರೋಲಿನ ನಾಕಿಂಗ್ ತಡೆಯುವ ಶಕ್ತಿಯ ಅಂಕಿಗೆ, ಮ್ಯಾಪ್ ಬರೆಯುತ್ತಾರೋ ಅದನ್ನೇ ಕೊನೇತನಕ ಹಾಕಬೇಕು. 95ಕ್ಕೆ ಬರೆಸಿ ತಿಂಗಳ ಕೊನೆಗೆ ಜೇಬು ನೋಡಿಕೊಂಡು ಸಾದಾ ಹಾಕಿಸಿದರೆ ನಾಕಿಂಗ್. ಈಗ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬೇರೆ, ನಮ್ಮ ಕಬ್ಬು ನಿನ್ನ ಟ್ಯಾಂಕಿಗೇ ಬಂದಿದೆ. ಬರೀ ಪೆಟ್ರೋಲಿಗೆ ತೂಕದಲ್ಲಿ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಇ20ಗೆ 13.5ರ ಹತ್ತಿರ. ಅಂದರೆ ಅದೇ ಗಾಳಿಗೆ ಇಂಜೆಕ್ಟರ್ ಜಾಸ್ತಿ ಸುರಿಯಬೇಕು. ಪರದೇಶದಲ್ಲಿ ಯಾವುದೋ ಪೆಟ್ರೋಲಿಗೆ ಬರೆದ ರೆಡಿಮೇಡ್ ಫೈಲ್ ತಂದು ಹಾಕಿಕೊಳ್ಳಬೇಡ ಅನ್ನುವುದು ಅದಕ್ಕೇ.

ಕಾನೂನು ಒಂದೇ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಕ್ಯಾಟ್, ಅಂದರೆ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಕಿತ್ತು ಹಾಕುವ ಡೌನ್‌ಪೈಪ್ ಅಂತೂ ಬೇಡವೇ ಬೇಡ. ಇನ್ಶೂರೆನ್ಸಿನವರಿಗೆ ತಿಳಿಸದೆ ಏನಾದರೂ ಮಾಡಿಸಿ, ನಾಳೆ ಕ್ಲೇಮ್ ಅಂತ ಹೋದರೆ ತಕರಾರು ಗ್ಯಾರಂಟಿ.

ಇನ್ನೊಂದು, ಬೈಯಬೇಡ. ಹೋದ ತಿಂಗಳು ನಿನ್ನ ಕಾರಿನಲ್ಲಿ ಚಾಮುಂಡಿ ಬೆಟ್ಟದಿಂದ ಇಳಿದೆವಲ್ಲ, ನಂದಿ ದಾಟಿದ ಮೇಲೆ ಬ್ರೇಕ್ ಒತ್ತಿದಾಗ ಪೆಡಲ್ ಕಾಲಿಗೆ ಒದೆಯುತ್ತಿತ್ತು. ಮುಂದಿನ ಟೈರ್ ಒಳಗಡೆ ಅಂಚು ಸವೆದಿದೆ, ಇಳಿಯುವಾಗ ನೋಡಿದೆ. ಮೈಸೂರು ಹೈವೇಯಲ್ಲಿ ಮಿತಿ 100, ಮೇಲಿಂದ ಕ್ಯಾಮೆರಾ. ನಿನಗೆ ಈಗ ಇರುವ 105 ಪಿಎಸ್ಸೇ ಅಲ್ಲಿ ಮಿಕ್ಕುತ್ತದೆ. ಆ 45ರಲ್ಲಿ ನಾಲ್ಕು ಒಳ್ಳೆ ಟೈರು, ಡಿಸ್ಕು, ಪ್ಯಾಡು, ಬ್ರೇಕ್ ಆಯಿಲ್ಲು ಎಲ್ಲ ಆಗಿ ಡಾಂಗಲ್ಲಿಗೂ ಉಳಿಯುತ್ತದೆ.

ಭಾನುವಾರ ಇಲ್ಲಿಗೆ ಬಾ. ಪಕ್ಕದ ಮನೆ ಹುಡುಗನಿಗೆ ಹೇಳಿರುತ್ತೇನೆ, ಪ್ಲಗ್ ಬಿಚ್ಚಿ ನೋಡೋಣ, ಹೋಸ್‌ಗಳನ್ನೂ ಕೈಯಾಡಿಸಿ ನೋಡೋಣ. ಬರುವಾಗ ಮಹಜರು ಮಾಡುವ ಹಾಗೆ ಸರ್ವಿಸ್ ಬಿಲ್ ಎಲ್ಲ ತಗೊಂಡು ಬಾ, ಹಿಂದಿನ ಓನರ್‌ದೂ ಸೇರಿ. ನಿಮ್ಮ ಚಿಕ್ಕಮ್ಮ ಬಸ್ಸಾರು ಮುದ್ದೆ ಮಾಡುತ್ತಾಳಂತೆ. ಕಾರು ಮಾತ್ರ ರಸ್ತೆಯಲ್ಲೇ ನಿಲ್ಲಿಸು, ಮೆದೆ ಪಕ್ಕ ಬೇಡ.