ಪದಚರ್ಚೆ: ‘ಡಾಕಿಂಗ್ ಸ್ಟೇಷನ್’ಗೆ ‘ತಂಗುದಾಣ’ ಸಲ್ಲುವುದೇ?

ಮಾನ್ಯರೇ,

ತುಮಕೂರಿನ ನಮ್ಮ ಕಾಲೇಜಿನ ಲಿನಕ್ಸ್ ಪ್ರಯೋಗಾಲಯಕ್ಕೆ ಸೋಮವಾರದೊಳಗೆ ಒಂದು ಸೂಚನಾಫಲಕ ಬರೆಸಬೇಕಾಗಿದೆ. ಅಲ್ಲಿ ಎರಡು ಬಗೆಯ ಡಾಕಿಂಗ್ ಸ್ಟೇಷನ್‌ಗಳಿದ್ದು (ಲ್ಯಾಪ್‌ಟಾಪನ್ನು ಪರದೆಗೂ ವಿದ್ಯುತ್ತಿಗೂ ಜೋಡಿಸುವ ಪೆಟ್ಟಿಗೆಗಳು), ಒಂದಕ್ಕೆ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಹಾಕಬೇಕು, ಇನ್ನೊಂದಕ್ಕೆ ಬೇಡ. ‘ಚಾಲಕ ಬೇಕಾದ ತಂಗುದಾಣ’ ಎಂದು ಬರೆದುಕೊಟ್ಟರೆ, ಬಸ್ಸು ಎಷ್ಟು ಹೊತ್ತಿಗೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಅಚ್ಚಗನ್ನಡದ ಪದವಿದ್ದರೆ ದಯವಿಟ್ಟು ತಿಳಿಸಿ.

ಉತ್ತರ 1:

‘ತಂಗುದಾಣ’ವೂ ಅಚ್ಚಗನ್ನಡವಲ್ಲ, ‘ತಾಣ’ವು ‘ಸ್ಥಾನ’ದ ತದ್ಭವ. ತದ್ಭವವಾದ್ದರಿಂದ ಅರಿಸಮಾಸದ (ಸಂಸ್ಕೃತ, ಕನ್ನಡ ಪದಗಳನ್ನು ಬೆರೆಸಿದ ಸಮಾಸದ) ತಕರಾರು ಏಳುವುದಿಲ್ಲ, ಅಷ್ಟೆ. ನನ್ನ ಸೂಚನೆ ‘ಗೊಂತು’. ಹೊರಗೆ ಅಲೆದು ಬಂದ ದನವನ್ನು ಕಟ್ಟಿ ಮೇವು ಹಾಕುವ ಜಾಗವದು. ಒಂದೇ ಕೇಬಲ್ಲಿನಿಂದ ಲ್ಯಾಪ್‌ಟಾಪನ್ನು ಕಟ್ಟಿಕೊಂಡು ಅದಕ್ಕೆ ವಿದ್ಯುತ್ತನ್ನೂ ಪರದೆಯನ್ನೂ ಒದಗಿಸುವ ಪೆಟ್ಟಿಗೆಗೆ ಇದಕ್ಕಿಂತ ಒಪ್ಪುವ ಮಾತು ನನಗೆ ಕಾಣುವುದಿಲ್ಲ.

ಫಲಕದಲ್ಲಿ ಕಾಣಬೇಕಾದ ಭೇದ ಬೇರೆಯೇ ಇದೆ. ಯುಎಸ್‌ಬಿ-ಸಿಯ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಬಳಸುವ ಪೆಟ್ಟಿಗೆಯು ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ಪು ಹೊರಡಿಸಿದ ಸಂಕೇತವನ್ನು ಪರದೆಗೆ ದಾಟಿಸುತ್ತದೆ, ಆದ್ದರಿಂದ ಪ್ರತ್ಯೇಕ ಡ್ರೈವರ್ ಬೇಡ. ಡಿಸ್‌ಪ್ಲೇಲಿಂಕ್ ಚಿಪ್ಪಿನ ಪೆಟ್ಟಿಗೆಗೆ ಚಿತ್ರವು ಯುಎಸ್‌ಬಿ ದತ್ತಾಂಶವಾಗಿಯೇ ಹೋಗಬೇಕು. 1920×1080ರ ಚಿತ್ರವನ್ನು ಸೆಕೆಂಡಿಗೆ 60 ಸಲ ಕಳಿಸಲು ಸುಮಾರು 3 ಗಿಗಾಬಿಟ್ ಬೇಕಾಗುತ್ತದೆ, ಯುಎಸ್‌ಬಿ 2.0ರ ಮಿತಿಯಾದರೋ 480 ಮೆಗಾಬಿಟ್. ಹೀಗಾಗಿ ತಂತ್ರಾಂಶವು ಅದನ್ನು ಕುಗ್ಗಿಸಿ ಕಳಿಸುತ್ತದೆ. ಯುಎಸ್‌ಬಿ 2.0 ಕಾಲದ ಚಿಪ್ಪುಗಳಿಗೆ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ಲಿನಲ್ಲೇ ‘ಯುಡಿಎಲ್’ ಡ್ರೈವರ್ ಇದೆ. ಯುಎಸ್‌ಬಿ 3.0 ಪೀಳಿಗೆಯವಕ್ಕೆ ಮಾತ್ರ ಕರ್ನೆಲ್ಲಿನ ಹೊರಗಿನ ‘ಇವಿಡಿಐ’ ಮಾಡ್ಯೂಲೂ ಅದರ ಜೊತೆಗೆ ಮೂಲಸಂಕೇತ ಬಿಟ್ಟುಕೊಡದ ಒಂದು ತಂತ್ರಾಂಶವೂ ಬೇಕು. ಕರ್ನೆಲ್ ಬದಲಾದಾಗ ಆ ಮಾಡ್ಯೂಲನ್ನು ಹೊಸ ಕರ್ನೆಲ್ಲಿಗೆ ಹೊಂದುವಂತೆ ಮತ್ತೆ ಸಿದ್ಧಪಡಿಸದಿದ್ದರೆ ಹೊರಪರದೆ ಕಪ್ಪಾಗಿಯೇ ಉಳಿಯುತ್ತದೆ. ಆದ್ದರಿಂದ ‘ದಾಟಿಸುವ ಗೊಂತು’, ‘ಡ್ರೈವರ್ ಬೇಡುವ ಗೊಂತು’ ಎಂದು ಬರೆಸಿ.

ಉತ್ತರ 2:

ಗೊಂತಿನವರು ‘ಡ್ರೈವರ್’ ಅನ್ನು ಮಾತ್ರ ಹಾಗೆಯೇ ಬಿಟ್ಟಿದ್ದಾರೆ. ‘ನಡೆಸುಗ’ ಎಂದರೆ ಏನು ಕೊರತೆ? ಎರವಲಿಗೆ ಬಾಗಿಲು ತೆರೆದವರು ಅಚ್ಚಗನ್ನಡದ ಪಾಠ ಹೇಳಬೇಕಿಲ್ಲ.

ಉತ್ತರ 3:

ತಾವು ಇದನ್ನು ಬರೆದದ್ದು ಕುರ್ಚಿಯ ಮೇಲೆ ಕುಳಿತೇ ಇರಬೇಕು. ಅದನ್ನು ಅರಬ್ಬಿಗೆ ಹಿಂದಿರುಗಿಸಿ ಬನ್ನಿ, ನಡೆಸುಗನ ಮಾತು ಆಮೇಲೆ. ಕೋಲಾರದಲ್ಲಿ ಬಸ್ ಓಡಿಸುವವರನ್ನೇ ಯಾರೂ ‘ಚಾಲಕರೇ’ ಎಂದು ಕರೆಯುವುದಿಲ್ಲ.

ಕೇಳಿದವರಿಂದ:

ಎಲ್ಲರಿಗೂ ವಂದನೆಗಳು. ಗೊಂತು ನನಗೆ ಹಿಡಿಸಿತು, ಪ್ರಾಂಶುಪಾಲರಿಗೆ ಹಿಡಿಸಲಿಲ್ಲ. ‘ಈ ಡಾಕಿಗೆ ಡ್ರೈವರ್ ಬೇಕು, ಕೇಳದೆ ಕರ್ನೆಲ್ ನವೀಕರಿಸಬೇಡಿ’ ಎಂದು ಬರೆಯಲು ಕೊಟ್ಟಿದ್ದೇನೆ.