ಮೂರು ದಿನದ ಕರಕುಶಲ ಸಂತೆಯ ಮಳಿಗೆಗೆ 18,000 ರೂಪಾಯಿ ಕೊಡಬಹುದೇ? ಅನುಭವಸ್ಥರು ದಯವಿಟ್ಟು ತಿಳಿಸಿ

ಮಣ್ಣಿನಬಟ್ಟಲು (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ಧಾರವಾಡದ ನಮ್ಮ ಮನೆಯ ಹಿತ್ತಲಿನಲ್ಲಿ ಮೂರು ವರ್ಷಗಳಿಂದ ಮಣ್ಣಿನ ಬಟ್ಟಲು, ತಟ್ಟೆ, ಹೂಜಿಗಳನ್ನು ತಿಗರಿಯ ಮೇಲೆ ಮಾಡಿ, ಸಣ್ಣ ವಿದ್ಯುತ್ ಭಟ್ಟಿಯಲ್ಲಿ ಸುಟ್ಟು ಪರಿಚಯದವರಿಗೆ ಮಾರುತ್ತಿದ್ದೇನೆ. ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆಯುವ ಮೂರು ದಿನದ ಸಂತೆಯೊಂದರಲ್ಲಿ ಮಳಿಗೆಗೆ 18,000 ರೂಪಾಯಿ ಕೇಳಿದ್ದಾರೆ. ಇನ್ನೊಂದೆಡೆ ಅಂಗಡಿಯವರೊಬ್ಬರು, ಮಾರಾಟವಾದ ಮೇಲೆ ನೂರಕ್ಕೆ 40ರಷ್ಟು ತಾವು ಹಿಡಿದುಕೊಂಡು ಉಳಿದದ್ದನ್ನು ಕೊಡುವುದಾಗಿ ಹೇಳುತ್ತಿದ್ದಾರೆ. ನನ್ನ ಬಳಿ ಮಾರಬಹುದಾದಂಥ 140 ಪಾತ್ರೆಗಳಿವೆ. ಯಾವುದನ್ನು ಒಪ್ಪಿಕೊಳ್ಳಲಿ? ಒಡೆಯದಂತೆ ಸಾಗಿಸುವುದು ಹೇಗೆಂಬುದನ್ನೂ ಬಲ್ಲವರು ಹೇಳಿದರೆ ಉಪಕಾರವಾಗುತ್ತದೆ.

ಆಲೆಮರ

ಚನ್ನಪಟ್ಟಣದಲ್ಲಿ ನಮ್ಮದು ಮೂರನೆಯ ತಲೆಮಾರಿನ ಬೊಂಬೆ ಕೆಲಸ. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ತೆರೆದು ವಾಹನಗಳೆಲ್ಲ ಊರ ಹೊರಗಿನಿಂದಲೇ ಹೋಗತೊಡಗಿದ ಮೇಲೆ ರಸ್ತೆ ಬದಿಯ ಅಂಗಡಿಗಳ ವ್ಯಾಪಾರ ಕುಸಿಯಿತು. ಅಂಗಡಿಗಳನ್ನೇ ನಂಬಿದ್ದ ನಾನು ಅನಿವಾರ್ಯವಾಗಿ ಸಂತೆಯ ದಾರಿ ಹಿಡಿದೆ. ಮೊದಲ ಸಂತೆಯ ಲೆಕ್ಕವನ್ನು ಇಂದಿಗೂ ಒಂದು ಪುಸ್ತಕದಲ್ಲಿ ಇಟ್ಟುಕೊಂಡಿದ್ದೇನೆ. ಮಳಿಗೆಗೆ 22,000, ಟೆಂಪೊ ಬಾಡಿಗೆ 3,500, ಇಬ್ಬರಿಗೆ ಮೂರು ರಾತ್ರಿಯ ವಸತಿ 5,400, ಹೆಚ್ಚುವರಿ ಮೇಜು ಮತ್ತು ದೀಪಕ್ಕೆ 2,800, ಊಟ ತಿಂಡಿಗೆ 2,100, ಹೀಗೆ ಒಟ್ಟು 35,800 ರೂಪಾಯಿ. ಮಾರಾಟವಾದದ್ದು 61,000. ಮಾರಿದ ಬೊಂಬೆಗಳಿಗೆ ಹಿಡಿದ ಮರ, ಅರಗು ಮತ್ತು ಇಬ್ಬರು ಕೆಲಸಗಾರರ ಕೂಲಿ 29,500. ಅಂದರೆ ಮೂರು ದಿನ ಬೆಳಗಿನಿಂದ ರಾತ್ರಿಯವರೆಗೆ ನಿಂತು 4,300 ರೂಪಾಯಿಯನ್ನು ಕೈಯಿಂದ ಕಳೆದುಕೊಂಡೆ. ನನ್ನ ಮತ್ತು ನನ್ನ ಹೆಂಡತಿಯ ದುಡಿಮೆ ಈ ಲೆಕ್ಕದಲ್ಲಿ ಸೇರಿಯೇ ಇಲ್ಲ.

ನಷ್ಟ ಅಲ್ಲಿಗೂ ನಿಲ್ಲಲಿಲ್ಲ. ಬೊಂಬೆಗೆ ಬಳಸುವ ಆಲೆ ಮರದ ತುಂಡುಗಳನ್ನು ಎರಡು ಮೂರು ತಿಂಗಳಾದರೂ ನೆರಳಿನಲ್ಲಿ ಒಣಗಲು ಬಿಡಬೇಕೆಂಬುದು ಗೊತ್ತಿದ್ದೂ, ಸಂತೆಯ ದಿನಾಂಕ ಹತ್ತಿರ ಬಂದಿತೆಂದು ಐದು ವಾರಕ್ಕೇ ಮರ ಕಡೆಯುವ ಲೇತಿಗೆ ಹಾಕಿದೆ. ಒಂದು ತಿಂಗಳೊಳಗೆ 63 ಬೊಂಬೆಗಳು ಬಿರುಕು ಬಿಟ್ಟು ಹಿಂದಿರುಗಿದವು. ಅಷ್ಟಕ್ಕೂ ಬೇರೆ ಬೊಂಬೆ ಕೊಟ್ಟು, ಕೊರಿಯರ್ ಹಣವನ್ನೂ ನಾನೇ ಕಟ್ಟಿದೆ.

ಆದರೆ ನನ್ನನ್ನು ಇಂದಿಗೂ ಸುಡುವ ಸಂಗತಿ ಬೇರೆ. ಪಕ್ಕದ ಮಳಿಗೆಯವನು ಎಲ್ಲಿಂದಲೋ ಪೆಟ್ಟಿಗೆಗಟ್ಟಲೆ ತರಿಸಿದ, ಎನಾಮಲ್ ಬಣ್ಣ ಬಳಿದ ಬೊಂಬೆಗಳನ್ನು ಚನ್ನಪಟ್ಟಣದ ಹೆಸರಿನಲ್ಲಿಯೇ ಅರ್ಧ ಬೆಲೆಗೆ ಮಾರುತ್ತಿದ್ದ. ನಮ್ಮಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ತಿಕ್ಕಾಟದ ಬಿಸಿಗೇ ಬಣ್ಣ ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ತಾಳೆ ಗರಿಯನ್ನು ಒತ್ತಿದರೆ ಹೊಳಪು ಏಳುತ್ತದೆ. ಎರಡನೆಯ ದಿನ ಒಬ್ಬ ತಾಯಿ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು, ಅದು ಆರುವ ಮೊದಲೇ ನಮ್ಮ ಕೆಂಪು ಬುಗುರಿಯನ್ನು ಎತ್ತಿಕೊಂಡರು. ಅರಗು ನೀರಿಗೆ ಜಗ್ಗುವುದಿಲ್ಲ, ಸ್ಯಾನಿಟೈಸರಿನಲ್ಲಿರುವ ಸ್ಪಿರಿಟ್‌ಗೆ ಕರಗುತ್ತದೆ. ಬೆರಳಿಗೆ ಕೆಂಪು ಅಂಟಿತು. ಆಕೆ ಅದನ್ನು ಎಲ್ಲರಿಗೂ ತೋರಿಸಿ, ನಮ್ಮದು ನಕಲಿ ಬಣ್ಣವೆಂದೂ ಪಕ್ಕದವನದು ಅಸಲಿಯೆಂದೂ ಹೇಳಿ ಅಲ್ಲಿಯೇ ಆರು ಬೊಂಬೆ ಕೊಂಡರು. ಅಸಲಿಯಾದುದರಿಂದಲೇ ಬಣ್ಣ ಕರಗಿತೆಂದು ನಾನು ಹೇಳುವಷ್ಟರಲ್ಲಿ ಜನ ಮುಂದೆ ಹೋಗಿದ್ದರು. ಮಳಿಗೆ ತೆಗೆದುಕೊಳ್ಳುವ ಮೊದಲು, ಪಕ್ಕದಲ್ಲಿ ಯಾರನ್ನು ಕೂರಿಸುತ್ತಾರೆಂದು ಬರಹದಲ್ಲಿ ಕೇಳಿ.

ಕುಂಚಪ್ರಿಯೆ

ಆಲೆಮರ ಅವರ ನೋವು ಅರ್ಥವಾಗುತ್ತದೆ. ಆದರೆ ಮೊದಲ ಸಂತೆಯಲ್ಲಿ ಕೈಸುಟ್ಟುಕೊಂಡವರ ಮಾತು ಕೇಳಿ ಯಾರೂ ಹಿಂಜರಿಯಬಾರದು. ನಾನು ಜಲವರ್ಣದ ಚಿತ್ರ ಬರೆಯುವವಳು. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಲ್ಲಿ ಐದು ಬಾರಿ ಕುಳಿತಿದ್ದೇನೆ. ಅದು ಒಂದೇ ಭಾನುವಾರದ ಸಂತೆ. ಬೆಳಗ್ಗೆ ಹತ್ತರಿಂದ ಸಂಜೆಯವರೆಗೆ ಒಂದು ಗುಟುಕು ನೀರು ಕುಡಿಯಲೂ ಬಿಡುವು ಸಿಗದಷ್ಟು ಜನ ಬರುತ್ತಾರೆ.

ಮೊದಲ ವರ್ಷ 14 ಚಿತ್ರಗಳಿಗೆ ತಲಾ 850 ರೂಪಾಯಿಯಂತೆ 11,900 ಕೊಟ್ಟು ಗಾಜಿನ ಚೌಕಟ್ಟು ಹಾಕಿಸಿದ್ದೆ. ಗಾಜಿನ ಮೇಲೆ ಬಿಸಿಲು ಬಿದ್ದು, ಮಧ್ಯಾಹ್ನವಿಡೀ ನೋಡುವವರಿಗೆ ಚಿತ್ರದ ಬದಲು ಅವರ ಮುಖವೇ ಕಾಣಿಸಿತು. ಎರಡು ಚೌಕಟ್ಟು ಗಾಳಿಗೆ ಬಿದ್ದು ಒಡೆದವು. ಮಾರಾಟವಾದದ್ದು ಒಂದೇ ಚಿತ್ರ. ಮರುವರ್ಷ ಚೌಕಟ್ಟನ್ನೇ ಬಿಟ್ಟು, ರಟ್ಟಿನ ಅಂಚು ಕಟ್ಟಿದ ಸಣ್ಣ ಚಿತ್ರಗಳನ್ನೂ ಮೂಲ ಚಿತ್ರಗಳ ಒಳ್ಳೆಯ ಮುದ್ರಿತ ಪ್ರತಿಗಳನ್ನೂ ಇಟ್ಟೆ. ಮೂರು ಮೂಲ ಚಿತ್ರಗಳೂ 300 ರೂಪಾಯಿಯ 46 ಪ್ರತಿಗಳೂ ಹೋದವು. 13,800 ರೂಪಾಯಿ ಪ್ರತಿಗಳಿಂದಲೇ ಬಂತು. ಅಂದು ಪ್ರತಿ ಕೊಂಡ ವಿದ್ಯಾರ್ಥಿನಿಯೊಬ್ಬಳು ನಾಲ್ಕು ವರ್ಷದ ನಂತರ ಕೆಲಸಕ್ಕೆ ಸೇರಿ, ತನ್ನ ಮೊದಲ ಸಂಬಳದಲ್ಲಿ ಅದೇ ಕೆರೆಯ ಮೂಲ ಚಿತ್ರವನ್ನು ಕೊಂಡಳು. ನನ್ನ ನಿರ್ಧಾರದ ಬಗ್ಗೆ ನನಗೆ ಹೆಮ್ಮೆಯಿದೆ.

ಬಿದರಿಮನೆ

ಮುದ್ರಿಸಿದ ಪ್ರತಿ ಮಾರುವವರು ಕೈಕೆಲಸದವರ ಸಾಲಿನಲ್ಲಿ ಕೂರುವುದು ಹೇಗೆಂಬುದು ನನಗೆ ತಿಳಿಯುತ್ತಿಲ್ಲ. ನಾನು ಬೀದರಿನವನು. 31 ವರ್ಷಗಳಿಂದ ಬಿದರಿ ಕೆಲಸ ಮಾಡುತ್ತಿದ್ದೇನೆ. ಹದಿನಾರು ಭಾಗ ಸತುವಿಗೆ ಒಂದು ಭಾಗ ತಾಮ್ರ ಬೆರೆಸಿ ಎರಕ ಹೊಯ್ದು, ಅರದಿಂದ ಉಜ್ಜಿ, ಗೆರೆ ಕಾಣಲೆಂದು ಮೈಲುತುತ್ತ ಹಚ್ಚಿ, ಉಳಿಯಲ್ಲಿ ಹೂಬಳ್ಳಿ ಕೊರೆದು, ಆ ಕೊರೆತದಲ್ಲಿ ಬೆಳ್ಳಿಯ ತಂತಿಯನ್ನು ಕೂದಲೆಳೆಯಷ್ಟೂ ಮೇಲೇಳದಂತೆ ಬಡಿದು ಕೂರಿಸಿದ ಮೇಲೆ, ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಸೇರಿಸಿದ ನೀರಿನಲ್ಲಿ ಕುದಿಸಬೇಕು. ಆಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಒಂದು ಹೂಜಿಗೆ ಮೂರು ವಾರ ಹಿಡಿಯುತ್ತದೆ. ಬೆಳ್ಳಿಯ ದರ ಕೆಜಿಗೆ 1 ಲಕ್ಷ ದಾಟಿದ ಮೇಲೆ ದೊಡ್ಡ ಹೂಜಿಗೆ ಕೈಹಾಕಲೇ ಹೆದರಿಕೆಯಾಗುತ್ತದೆ.

ಮಣ್ಣಿನಬಟ್ಟಲು ತಂಗಿ, ನೀವು ಅಂಗಡಿಯ ವಿಷಯ ಕೇಳಿದ್ದೀರಿ. ದೊಡ್ಡ ಊರಿನ ಅಂಗಡಿಯೊಂದಕ್ಕೆ 11 ಸಾಮಾನು ಕೊಟ್ಟೆ. 14 ತಿಂಗಳಲ್ಲಿ ನಾಲ್ಕು ಮಾರಾಟವಾದವು. ಆ ಹಣಕ್ಕಾಗಿ ಏಳು ಬಾರಿ ಫೋನ್ ಮಾಡಿ, ಎರಡು ಬಾರಿ ರೈಲು ಹತ್ತಿದೆ. ಉಳಿದ ಏಳನ್ನು ಹಿಂದಕ್ಕೆ ತರಲು ಹೋದಾಗ ಕಂಡದ್ದನ್ನು ಮರೆಯಲಾರೆ. ಧೂಳು ಹಿಡಿದಿದೆಯೆಂದು ಅಂಗಡಿಯ ಹುಡುಗ ಹಿತ್ತಾಳೆ ಉಜ್ಜುವ ಪಾಲಿಶ್ ಹಾಕಿ ತಿಕ್ಕಿದ್ದ. ಕಪ್ಪು ಹೋಗಿ ಬೂದು ಬಣ್ಣ ಬಂದು, ಬೆಳ್ಳಿಯ ಬಳ್ಳಿಯೇ ಕಾಣದಂತಾಗಿತ್ತು. ಒಂದು ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಊರಿಗೆ ಬಂದೆ. ಅಷ್ಟನ್ನೂ ಮತ್ತೆ ಉಜ್ಜಿ ಕುದಿಸಲು ಒಂಬತ್ತು ದಿನ ಹಿಡಿಯಿತು. ಇಂಥ ಕೆಲಸದ ಪಕ್ಕದಲ್ಲಿ 300 ರೂಪಾಯಿಯ ಮುದ್ರಿತ ಹಾಳೆ ಇಟ್ಟರೆ ಜನ ಯಾವುದನ್ನು ಕೊಳ್ಳುತ್ತಾರೆ?

ಕುಂಚಪ್ರಿಯೆ

ಹಿರಿಯರೇ, ನಿಮ್ಮ ಕೆಲಸಕ್ಕೆ ಕೈಮುಗಿಯುತ್ತೇನೆ, ಆದರೆ ಈ ಮಾತನ್ನು ಒಪ್ಪುವುದಿಲ್ಲ. ನನ್ನ ಪ್ರತಿಯ ಹಿಂಬದಿಯಲ್ಲಿ ಇದು ಮುದ್ರಿತ ಪ್ರತಿಯೆಂದು ಬರೆದು ಸಹಿ ಹಾಕಿರುತ್ತೇನೆ. ಯಾರನ್ನೂ ಮೋಸ ಮಾಡಿಲ್ಲ. ಒಂದೇ ಅಚ್ಚಿನಿಂದ ಹತ್ತು ತಟ್ಟೆ ಎರಕ ಹೊಯ್ಯುವುದು ಕೈಕೆಲಸವಾದರೆ, ವಿದ್ಯುತ್ ಲೇತಿನಲ್ಲಿ ದಿನಕ್ಕೆ ನೂರು ಬೊಂಬೆ ಕಡೆಯುವುದು ಕೈಕೆಲಸವಾದರೆ, ನನ್ನ ಕೈಯ ಚಿತ್ರದ ಪ್ರತಿ ಮಾತ್ರ ಏಕೆ ಅಲ್ಲ?

ಆಲೆಮರ

ನಮ್ಮನ್ನು ಏಕೆ ಎಳೆಯುತ್ತೀರಿ ಮೇಡಂ? ಮೋಟಾರು ಮರವನ್ನು ತಿರುಗಿಸುತ್ತದೆ ಅಷ್ಟೇ. ಉಳಿ ಹಿಡಿಯುವುದು ಕೈ, ಎಲ್ಲಿ ನಿಲ್ಲಿಸಬೇಕೆಂಬುದನ್ನು ತಿಳಿಯುವುದು ಕಣ್ಣು. ನನ್ನ ತಂದೆಯ ಎಡಗೈ ಹೆಬ್ಬೆರಳಿನ ತುದಿ ಆ ಲೇತಿಗೇ ಹೋಗಿದೆ. ದಿನಕ್ಕೆ ನೂರು ಎಂದಿರಿ. ಕುದುರೆಯ ನಾಲ್ಕು ಕಾಲು ಒಂದೇ ಅಳತೆಗೆ ಬರುವಂತೆ ಕಡೆಯಲು ಎಷ್ಟು ಹೊತ್ತು ಬೇಕೆಂದು ಒಮ್ಮೆ ಬಂದು ಕುಳಿತು ನೋಡಿ. ನಮ್ಮ ಬೊಂಬೆಗೆ ಊರಿನ ಹೆಸರನ್ನು ಕಾಯುವ ಭೌಗೋಳಿಕ ಸೂಚಕದ ಮಾನ್ಯತೆ ಇದೆ. 2021ರ ಜನವರಿಯಿಂದ ಆಟಿಕೆಗಳಿಗೆ ಗುಣಮಟ್ಟದ ಬಿಐಎಸ್ ಗುರುತು ಕಡ್ಡಾಯವಾದಾಗಲೂ, ನೋಂದಾಯಿತ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗಳಿಗೆ ಸರ್ಕಾರವೇ ವಿನಾಯಿತಿ ಕೊಟ್ಟಿತು. ಯಂತ್ರದ ಸರಕಾಗಿದ್ದರೆ ಕೊಡುತ್ತಿತ್ತೇ?

ಸಂತೆಯಂಗಳ

ಇದೆಲ್ಲವನ್ನೂ ಓದಿ ಸುಮ್ಮನಿರಲಾಗಲಿಲ್ಲ. ನಾನು ಮತ್ತು ನನ್ನ ಗೆಳತಿ ಆರು ವರ್ಷಗಳಿಂದ ಒಂದು ಸಣ್ಣ ಸಂತೆ ನಡೆಸುತ್ತಿದ್ದೇವೆ. ನಡೆಸುವವರು ಕುಶಲಕರ್ಮಿಗಳ ರಕ್ತ ಹೀರುತ್ತಾರೆಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ನಮ್ಮ ಕಳೆದ ಸಂತೆಯ ಲೆಕ್ಕ ಇಲ್ಲಿದೆ. 64 ಮಳಿಗೆಗಳಿಗೆ ತಲಾ 15,000ದಂತೆ 9,60,000 ರೂಪಾಯಿ ಬಂತು. ಮೈದಾನದ ಬಾಡಿಗೆ 3,60,000, ಶಾಮಿಯಾನ ಮತ್ತು ದೀಪ 2,70,000, ಪ್ರಚಾರ 1,40,000, ಶೌಚಾಲಯ, ಶುಚಿ ಮತ್ತು ಕಾವಲು 1,10,000, ಅನುಮತಿಗಳಿಗೆ 35,000. ಉಳಿದ 45,000ವನ್ನು ನಾಲ್ಕು ತಿಂಗಳು ದುಡಿದ ನಾವಿಬ್ಬರು ಹಂಚಿಕೊಂಡೆವು. ಎರಡನೆಯ ದಿನ ಸಂಜೆ ಮಳೆ ಹೊಡೆದು, ಇಬ್ಬರು ಕಾಗದದ ಕೆಲಸದವರ ಸರಕು ನೆನೆಯಿತು. ಅವರ ಮಳಿಗೆಯ ಹಣವನ್ನು ಹಿಂದಿರುಗಿಸಿದ್ದರಿಂದ ನಮ್ಮ ಪಾಲು 15,000ಕ್ಕೆ ಇಳಿಯಿತು.

ಮರುಮಾರಾಟಗಾರರನ್ನು ತಡೆಯಲು ಪ್ರತಿಯೊಬ್ಬರಿಂದಲೂ ಕೆಲಸ ಮಾಡುವ ಜಾಗದ ವಿಡಿಯೊ ಕೇಳುತ್ತೇವೆ, ಅನುಮಾನ ಬಂದರೆ ಹೋಗಿ ನೋಡುತ್ತೇವೆ. ಆದರೂ ಒಮ್ಮೆ ಮೋಸ ಹೋದೆವು. ವಿಡಿಯೊದಲ್ಲಿ ನೇಯುತ್ತಿದ್ದ ಕೈ ಒಬ್ಬರದು, ಮಳಿಗೆಯಲ್ಲಿ ಬಂದು ನಿಂತವರು ಇನ್ನೊಬ್ಬರು.

ಆಲೆಮರ

ಒಮ್ಮೆ ಮೋಸ ಹೋದೆವೆಂದು ನೀವು ಒಂದು ಸಾಲಿನಲ್ಲಿ ಬರೆದಿರಿ. ಆ ಒಂದು ಬಾರಿ ಪಕ್ಕದಲ್ಲಿ ಕುಳಿತಿದ್ದ ಅಸಲಿ ನೇಕಾರನ ಮೂರು ದಿನ ಏನಾಯಿತೆಂದು ಕೇಳಿದಿರಾ? ಅವರ ಹಣವನ್ನೂ ಹಿಂದಿರುಗಿಸಿದಿರಾ?

ಸಂತೆಯಂಗಳ

ಹಿಂದಿರುಗಿಸಲಿಲ್ಲ. ಅದು ನಮ್ಮ ತಪ್ಪೆಂದು ಒಪ್ಪಿಕೊಳ್ಳುತ್ತೇನೆ. ಆ ಮಳಿಗೆಯನ್ನು ಮೊದಲ ದಿನ ಮಧ್ಯಾಹ್ನವೇ ಮುಚ್ಚಿಸಿದೆವು ಎಂಬುದನ್ನೂ ದಯವಿಟ್ಟು ಗಮನಿಸಿ.

ಮೆಂತೆಹೆಣಿಗೆ

ನಾನು ಕಸೂತಿ ಹಾಕುವವಳು, ಹುಬ್ಬಳ್ಳಿಯವಳು. ನೀವೆಲ್ಲ ಮಳಿಗೆ, ಬಾಡಿಗೆ, ಟೆಂಪೊ ಎಂದು ಲೆಕ್ಕ ಹಾಕುತ್ತಿದ್ದೀರಿ. ಕೈಯ ಗಂಟೆಗಳನ್ನು ಯಾರೂ ಎಣಿಸುತ್ತಿಲ್ಲ. ಆಲೆಮರ ಅವರು ಹೆಂಡತಿಯ ದುಡಿಮೆ ಸೇರಿಲ್ಲವೆಂದು ಒಂದು ಮಾತು ಹೇಳಿ ಮುಂದೆ ಹೋದರು. ಅಸಲು ನಷ್ಟ ಇರುವುದೇ ಅಲ್ಲಿ. ಕಸೂತಿಯ ಹೊಲಿಗೆ ಗವಂತಿಯಾಗಲಿ ಮುರಗಿಯಾಗಲಿ, ಬಟ್ಟೆಯ ಎಳೆ ಎಣಿಸಿ ಹಾಕಬೇಕು, ಗಂಟು ಹಾಕುವಂತಿಲ್ಲ, ಹಿಂಬದಿಯೂ ಮುಂಬದಿಯಂತೆಯೇ ಕಾಣಬೇಕು. ಒಂದು ಎಳೆ ತಪ್ಪಿದರೆ ತೇರಿನ ಚಿತ್ತಾರದ ಕಳಸ ಓರೆಯಾಗುತ್ತದೆ, ಅಷ್ಟನ್ನೂ ಬಿಚ್ಚಬೇಕಾಗುತ್ತದೆ. ಕಳೆದ ವರ್ಷ ಒಂದು ಶಾಲಿಗೆ ಹಿಡಿದ ಸಮಯವನ್ನು ಗಡಿಯಾರ ನೋಡಿ ಬರೆದಿಟ್ಟೆ. 42 ಗಂಟೆ. ಬಟ್ಟೆ ಮತ್ತು ದಾರಕ್ಕೆ 710 ರೂಪಾಯಿ. ಮಾರಿದ್ದು 2,600ಕ್ಕೆ. ಉಳಿದ 1,890ನ್ನು 42ರಿಂದ ಭಾಗಿಸಿದರೆ ಗಂಟೆಗೆ 45 ರೂಪಾಯಿ. ಅದರಲ್ಲಿಯೂ ಚೌಕಾಸಿ ಮಾಡಿ 200 ಕಡಿಮೆ ಮಾಡಿ ಎಂದವರಿದ್ದರು, ಶಾಲನ್ನು ತಿರುಗಿಸಿ ಹಿಂಬದಿಯನ್ನು ನೋಡಿದವರು ಒಬ್ಬರೂ ಇರಲಿಲ್ಲ. ಈ ಲೆಕ್ಕ ಗೊತ್ತಾದ ದಿನ ನಾನು ಅತ್ತಿದ್ದೇನೆ. ಮರುದಿನ ಬೆಲೆಯನ್ನು 4,200 ಮಾಡಿದೆ. ಕೊಳ್ಳುವವರು ಕಡಿಮೆಯಾದರು, ಆದರೆ ಕೊಂಡವರು ಮತ್ತೆ ಬರುತ್ತಿದ್ದಾರೆ.

ಮಣ್ಣಿನಬಟ್ಟಲು ಅವರೇ, ಸಂತೆಯೋ ಅಂಗಡಿಯೋ ಎಂಬುದಕ್ಕಿಂತ ಮೊದಲು ಒಂದು ಬಟ್ಟಲಿಗೆ ಎಷ್ಟು ಗಂಟೆ, ಭಟ್ಟಿಯಲ್ಲಿ ಎಷ್ಟು ಒಡೆಯುತ್ತವೆ ಎಂಬುದನ್ನು ಬರೆದುಕೊಳ್ಳಿ.

ಬಿದರಿಮನೆ

ಗಂಟೆಗೆ ಇಷ್ಟೆಂದು ಕೂಲಿಯವರಂತೆ ಲೆಕ್ಕ ಹಾಕುವುದು ನಮ್ಮ ಮನೆತನದಲ್ಲಿ ಇರಲಿಲ್ಲ.

ಮೆಂತೆಹೆಣಿಗೆ

ಲೆಕ್ಕ ಹಾಕದ ಕಾರಣಕ್ಕೇ ಮುಂದಿನವರು ಈ ಕೆಲಸಕ್ಕೆ ಬರುತ್ತಿಲ್ಲ, ಅಣ್ಣಾ. ನಿಮ್ಮ ಮಕ್ಕಳು ಉಳಿ ಹಿಡಿದಿದ್ದಾರೆಯೇ?

ಬಿದರಿಮನೆ

ಇಲ್ಲ. ಇಬ್ಬರೂ ಹೈದರಾಬಾದಿನಲ್ಲಿ ನೌಕರಿಯಲ್ಲಿದ್ದಾರೆ.

ಮಣ್ಣಿನಬಟ್ಟಲು

ಎಲ್ಲರಿಗೂ ವಂದನೆಗಳು. ಇಂದು ಬೆಳಗ್ಗೆ ಲೆಕ್ಕ ಬರೆದೆ. ಒಂದು ಬಟ್ಟಲಿಗೆ ತಿಗರಿ, ಕೊರೆತ, ಹಿಡಿ ಕೂರಿಸುವುದು, ಹೊಳಪು ಲೇಪ ಎಲ್ಲ ಸೇರಿ 50 ನಿಮಿಷ ಆಗುತ್ತದೆ. ಕಳೆದ ಭಟ್ಟಿಯಲ್ಲಿ 32ರಲ್ಲಿ ಐದು ಒಡೆದವು, ಮೂರಕ್ಕೆ ಲೇಪ ಇಳಿದು ತಳ ಅಂಟಿಕೊಂಡಿತು. ಎಂಟು ಹೋದರೆ ಉಳಿದ 24 ಬಟ್ಟಲುಗಳೇ ಆ ಎಂಟರ ಶ್ರಮವನ್ನೂ ಹೊರಬೇಕೆಂಬುದನ್ನು ನಾನು ಈವರೆಗೆ ಯೋಚಿಸಿರಲಿಲ್ಲ. 280ಕ್ಕೆ ಮಾರುತ್ತಿದ್ದೆ. ಈ ಬೆಲೆಯಲ್ಲಿ ಅಂಗಡಿಯವರಿಗೆ 40 ಭಾಗ ಬಿಟ್ಟರೆ 168 ಉಳಿಯುತ್ತದೆ. ಅಂಗಡಿಗೆ ಬೇಡವೆಂದು ತೀರ್ಮಾನಿಸಿದ್ದೇನೆ. ಸಂತೆಯ ವಿಷಯದಲ್ಲಿ ಇನ್ನೂ ಧೈರ್ಯ ಸಾಲುತ್ತಿಲ್ಲ. ಸಾಗಿಸುವುದು ಹೇಗೆಂದು ಯಾರೂ ಹೇಳಲಿಲ್ಲ.

ಮೆಂತೆಹೆಣಿಗೆ

ಅದೇ ಸಂತೆಗೆ ನಾನೂ ಅರ್ಜಿ ಹಾಕುತ್ತಿದ್ದೇನೆ. ನನ್ನ ಶಾಲುಗಳನ್ನು ಗೋಡೆಗೆ ತೂಗುಹಾಕಿದರೆ ಮೇಜು ಪೂರ್ತಿ ಖಾಲಿ ಇರುತ್ತದೆ. ಒಪ್ಪಿದರೆ ಇಬ್ಬರೂ ಸೇರಿ ಒಂದೇ ಮಳಿಗೆ ತೆಗೆದುಕೊಳ್ಳೋಣ, ತಲಾ 9,000 ಆಗುತ್ತದೆ. ನನ್ನ ಬಳಿ ಹಳೆಯ ಕೌದಿಗಳಿವೆ. ಬಟ್ಟಲುಗಳನ್ನು ಅವುಗಳಲ್ಲಿ ಸುತ್ತಿ, ಅಡ್ಡ ಮಲಗಿಸದೆ ಬಾಯಿ ಕೆಳಗೆ ಮಾಡಿ ಡಬ್ಬದಲ್ಲಿ ಒತ್ತಾಗಿ ಇಡೋಣ. ಇಬ್ಬರ ಹೆಸರೂ ಅರ್ಜಿಯಲ್ಲಿ ಇರಬೇಕಾಗಬಹುದು, ಸಂತೆಯಂಗಳ ಅವರು ತಿಳಿಸಬೇಕು.

ಸಂತೆಯಂಗಳ

ನಮ್ಮ ಸಂತೆಯಲ್ಲಾದರೆ ಇಬ್ಬರ ಹೆಸರೂ ಇಬ್ಬರ ಕೆಲಸದ ವಿಡಿಯೊವೂ ಬೇಕು. ಬೇರೆಯವರ ಸಂತೆಯಾದರೆ ಹಣ ಕಟ್ಟುವ ಮೊದಲೇ ಕೇಳಿ ಬರಹದಲ್ಲಿ ಪಡೆಯಿರಿ. ಮೂಲೆಯ ಮಳಿಗೆ ಸಿಕ್ಕರೆ ಬಿಡಬೇಡಿ, ಎರಡು ಕಡೆಯಿಂದ ಜನ ಬರುತ್ತಾರೆ.

ಕುಂಚಪ್ರಿಯೆ

ಬಿದರಿಮನೆ ಅವರೇ, ನನ್ನ ಪ್ರಶ್ನೆಗೆ ನೀವಿನ್ನೂ ಉತ್ತರ ಕೊಟ್ಟಿಲ್ಲ.