ಕಿವಿ ಮಂದವಾದ ಅಮ್ಮನಿಗೆ ಯಾವ ಸಿನಿಮಾ ತೋರಿಸಲಿ? ಮಲೆನಾಡಿನ ಕೆಲವರ ಅನುಭವಗಳು

ಕೋರಿಕೆ: ಹೊಸನಗರ ತಾಲ್ಲೂಕಿನಿಂದ

ನನ್ನ ತಾಯಿಗೆ ಈಗ 76 ವರ್ಷ. ಕಣ್ಣು ಚೆನ್ನಾಗಿದೆ, ಕಿವಿ ಮಾತ್ರ ಎರಡು ವರ್ಷಗಳಿಂದ ಮಂದವಾಗಿದೆ. ಶ್ರವಣಯಂತ್ರ ಹಾಕಿಕೊಂಡರೂ ಟಿ.ವಿ.ಯ ಮಾತು ಅರ್ಧಕ್ಕರ್ಧ ತಪ್ಪಿಹೋಗುತ್ತದೆ ಎನ್ನುತ್ತಾರೆ. ಆಷಾಢದಲ್ಲಿ ಹೆಂಚಿನ ಮೇಲೆ ಮಳೆ ಸುರಿಯುವಾಗಲಂತೂ ನಮಗೂ ಏನೂ ಕೇಳಿಸುವುದಿಲ್ಲ. ದೀಪ ಹಚ್ಚಿದ ಮೇಲೆ ಒಂದು ಸಿನಿಮಾ ನೋಡುವುದು ಅವರ ಬಹುಕಾಲದ ಅಭ್ಯಾಸವಾದ್ದರಿಂದ ಅದನ್ನು ತಪ್ಪಿಸಲು ನನಗೆ ಮನಸ್ಸಿಲ್ಲ. ಕನ್ನಡವನ್ನು ಸರಾಗವಾಗಿ ಓದುತ್ತಾರೆ, ಇಂಗ್ಲಿಷ್ ಬಾರದು. ಕನ್ನಡದ ಸಬ್‌ಟೈಟಲ್ ಇರುವ ಚಿತ್ರಗಳು ಸಿಗುವುದೇ ಅಪರೂಪ, ಸಿಕ್ಕಿದರೆ ಕಳೆದ ವಾರ ಆದಂತೆ ಆಗುತ್ತದೆ. ಯುದ್ಧದ ಒಂದು ಚಿತ್ರದಲ್ಲಿ ಗುಂಡಿನ ಸುರಿಮಳೆಯ ನಡುವೆ ಸೈನಿಕನೊಬ್ಬ ಏನೋ ಕೂಗಿದ, ಕೆಳಗೆ ‘ಬಾತುಕೋಳಿ!’ ಎಂದು ಅಕ್ಷರ ಮೂಡಿತು, ಎಲ್ಲರೂ ನೆಲಕ್ಕೆ ಬಿದ್ದರು. ತಲೆ ತಗ್ಗಿಸು ಎನ್ನುವುದಕ್ಕೂ ಇಂಗ್ಲಿಷಿನಲ್ಲಿ ‘ಡಕ್’ ಎನ್ನುತ್ತಾರೆಂದು ಮೊಮ್ಮಗಳು ವಿವರಿಸುವವರೆಗೆ ಅಮ್ಮ ಆ ಬಾತುಕೋಳಿ ಎಲ್ಲಿ ಹೋಯಿತೆಂದು ಹುಡುಕುತ್ತಲೇ ಇದ್ದರು.

ಇಂಥವರಿಗೆ ಡಬ್ ಆದ ಚಿತ್ರ ಒಳ್ಳೆಯದೋ, ಸಬ್‌ಟೈಟಲ್ ಇರುವುದು ಒಳ್ಳೆಯದೋ? ತಾವು ಇತ್ತೀಚೆಗೆ ನೋಡಿದವುಗಳಲ್ಲಿ ಯಾವುದನ್ನು ತೋರಿಸಬಹುದು? ಬಾತುಕೋಳಿಯಂಥ ತಪ್ಪುಗಳು ನೆನಪಿದ್ದರೆ ಅವನ್ನೂ ಬರೆಯಿರಿ, ಅಮ್ಮನಿಗೆ ಓದಿ ಹೇಳುತ್ತೇನೆ.

ತೀರ್ಥಹಳ್ಳಿಯಿಂದ, ನಿವೃತ್ತ ಉಪಾಧ್ಯಾಯಿನಿ

ನಮ್ಮ ಯಜಮಾನರಿಗೂ ಇದೇ ತೊಂದರೆ ಇರುವುದರಿಂದ ಅನುಭವದಿಂದಲೇ ಹೇಳುತ್ತಿದ್ದೇನೆ: ಡಬ್ ಆದ ಚಿತ್ರವನ್ನು ಕಡೆಯ ಆಯ್ಕೆಯಾಗಿ ಇಟ್ಟುಕೊಳ್ಳಿ. ಕಿವಿ ಮಂದವಾದವರು ತಮಗೆ ತಿಳಿಯದಂತೆಯೇ ಎದುರಿನವರ ತುಟಿಯನ್ನು ಓದುತ್ತಿರುತ್ತಾರೆ. ಡಬ್ ಆದ ಚಿತ್ರದಲ್ಲಿ ತುಟಿ ತೆಲುಗಿನಲ್ಲೋ ತಮಿಳಿನಲ್ಲೋ ಆಡುತ್ತಿರುತ್ತದೆ, ಧ್ವನಿ ಕನ್ನಡದಲ್ಲಿ ಬರುತ್ತದೆ. ಒಂದು ಇನ್ನೊಂದಕ್ಕೆ ನೆರವಾಗುವ ಬದಲು ಅಡ್ಡ ಬರುತ್ತದೆ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವುದು ಸರಿಯಲ್ಲವೆಂದು ಹೇಳಿದ ಮೇಲೆ ಪರಭಾಷೆಯ ಚಿತ್ರಗಳು ಕನ್ನಡದ ಮಾತಿನಲ್ಲಿ ಬರತೊಡಗಿದಾಗ ನಾನು ಸಂತೋಷಪಟ್ಟವಳೇ. ಆದರೆ ನಮ್ಮ ಮನೆಯಲ್ಲಿ ಅದು ಉಪಯೋಗಕ್ಕೆ ಬಂದದ್ದು ಕಡಿಮೆ.

ನಮ್ಮಿಬ್ಬರಿಗೂ ಹಿಡಿಸಿದ್ದು 2024ರ ‘ಶಾಖಾಹಾರಿ’. ಮಲೆನಾಡಿನ ಸಣ್ಣ ಊರಿನಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಸುಬ್ಬಣ್ಣನಾಗಿ ರಂಗಾಯಣ ರಘು ಅವರ ಮುಖವೇ ಅರ್ಧ ಮಾತನ್ನು ಹೇಳಿಬಿಡುತ್ತದೆ, ಅವರು ಸುಮ್ಮನೆ ನಿಂತಾಗಲೂ ಏನೋ ನಡೆಯುತ್ತಿದೆ ಎನಿಸುತ್ತದೆ. ಕಥೆಯ ಒಂದೆರಡು ತಿರುವುಗಳು ನನಗೆ ನಂಬಲು ಕಷ್ಟವಾದವು, ಅವರಿಗೆ ಆಗಲಿಲ್ಲ. ರಕ್ತ ನೋಡಲಾರದವರಾದರೆ ನಿಮ್ಮ ತಾಯಿಯವರಿಗೆ ಮುಂಚೆಯೇ ತಿಳಿಸಿಬಿಡಿ. ಹೆಸರು ಕೇಳಿ ಅಡುಗೆಯ ಸಿನಿಮಾ ಎಂದು ನಮ್ಮ ನೆರೆಮನೆಯವರು ಮಕ್ಕಳನ್ನೂ ಕೂರಿಸಿಕೊಂಡಿದ್ದರು.

ಸಾಗರದಿಂದ, ಸಬ್‌ಟೈಟಲ್ ಅನುವಾದ ಮಾಡುವವರು

ಬಾತುಕೋಳಿಯನ್ನು ಹಾರಿಬಿಡುವವರ ಗುಂಪಿಗೆ ಸೇರಿದವನು ನಾನು, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯಲು ಅನುಮತಿ ಕೊಡಿ.

ಅಗ್ಗದ ದರದ ಕೆಲಸಗಳಲ್ಲಿ ನಮಗೆ ಚಿತ್ರವನ್ನು ತೋರಿಸುವುದೇ ಇಲ್ಲ. ಮಾತು ಯಾವ ಕ್ಷಣದಲ್ಲಿ ಮೂಡಬೇಕು, ಯಾವ ಕ್ಷಣದಲ್ಲಿ ಮರೆಯಾಗಬೇಕು ಎಂಬ ಸಮಯದ ಅಂಕಿಗಳ ಜೊತೆಗೆ ಇಂಗ್ಲಿಷ್ ಸಾಲುಗಳಿರುವ ಒಂದು ಕಡತ ಮಾತ್ರ ಬರುತ್ತದೆ. ಯಾರು ಯಾರಿಗೆ ಹೇಳಿದರು, ಅಲ್ಲಿ ಬಂದೂಕು ಇತ್ತೋ ಕೊಳವಿತ್ತೋ ಎಂಬುದು ಅದರಲ್ಲಿ ಇರುವುದಿಲ್ಲ. ಇಂಗ್ಲಿಷಿನ ‘ಡೇಟ್’ ಎಂದರೆ ಪ್ರೇಮಿಗಳ ಭೇಟಿಯೂ ಹೌದು, ಖರ್ಜೂರವೂ ಹೌದು. ‘ನಾಳೆ ನನ್ನೊಂದಿಗೆ ಖರ್ಜೂರಕ್ಕೆ ಬರುತ್ತೀಯಾ?’ ಎಂದು ನಾಯಕ ನಾಯಕಿಯನ್ನು ಕೇಳಿದ್ದನ್ನು ನಾನು ಪರಿಶೀಲನೆಯ ಹಂತದಲ್ಲಿ ಹಿಡಿದಿದ್ದೇನೆ. ವಾಕಿಟಾಕಿಯಲ್ಲಿ ‘ರೋಜರ್’ ಎಂದರೆ ಸಂದೇಶ ತಲುಪಿತು ಎಂದರ್ಥ. ಅದು ತಿಳಿಯದೆ ಇಡೀ ಪೊಲೀಸ್ ಠಾಣೆಯಲ್ಲಿ ರೋಜರ್ ಎಂಬ ಒಬ್ಬನೇ ಮನುಷ್ಯನನ್ನು ಎಲ್ಲರೂ ಕರೆಯುತ್ತಿರುವಂತೆ ಮಾಡಿದ್ದು ಬೇರೆ ಯಾರೂ ಅಲ್ಲ, ನಾನೇ.

ಇದಕ್ಕಿಂತ ದೊಡ್ಡ ಆಪತ್ತು ಎರಡು ಮಜಲಿನ ಅನುವಾದದಲ್ಲಿದೆ. ತಮಿಳು ಚಿತ್ರವಾದರೂ ಕನ್ನಡಕ್ಕೆ ನೇರವಾಗಿ ಬರುವುದಿಲ್ಲ, ಇಂಗ್ಲಿಷನ್ನು ಸುತ್ತಿ ಬರುತ್ತದೆ. ಸಾಗರದಿಂದ ಸೊರಬಕ್ಕೆ ಹೋಗಲು ಬೆಂಗಳೂರನ್ನು ಸುತ್ತಿದ ಹಾಗೆ. ತಮಿಳಿನಲ್ಲಿ ಮಾವನ ಮಗಳು ಎಂದದ್ದು ಇಂಗ್ಲಿಷಿನಲ್ಲಿ ‘ಕಸಿನ್’ ಆಗುತ್ತದೆ, ಅದು ಕನ್ನಡಕ್ಕೆ ಬರುವಾಗ ‘ತಂಗಿ’ ಆಗುತ್ತದೆ, ಮುಂದಿನ ದೃಶ್ಯದಲ್ಲಿ ನಾಯಕ ಆ ತಂಗಿಯ ಕೈ ಹಿಡಿದು ಹಾಡುತ್ತಾನೆ. ತಮಿಳು ಮತ್ತು ಕನ್ನಡ ಎರಡರಲ್ಲೂ ಅತ್ತೆ, ಮಾವ, ಸೋದರತ್ತೆಗಳ ಲೆಕ್ಕ ಒಂದೇ ಇರುವಾಗ ನಡುವಿನ ಭಾಷೆಯಿಂದಾಗಿ ಇಂಥ ಅನಾಹುತ. ‘ಯೂ’ ಎಂಬ ಒಂದೇ ಪದ ‘ನೀನು’ ಆಗಬೇಕೋ ‘ನೀವು’ ಆಗಬೇಕೋ ಎನ್ನುವುದೂ ಕಡತದಲ್ಲಿ ಗೊತ್ತಾಗದು. ಹಾಗಾಗಿ ವಕೀಲ ನ್ಯಾಯಾಧೀಶರಿಗೆ ‘ನೀನು ಹೇಳಿದ್ದು ಸರಿ’ ಎಂದು ಹೇಳಿ ಜೈಲಿಗೆ ಹೋಗದೆ ಪಾರಾಗುತ್ತಾನೆ.

ನಮ್ಮ ಕಡೆಯ ಕನ್ನಡ ಇಂಗ್ಲಿಷಿಗೆ ಹೋಗುವಾಗ ಆಗುವುದಂತೂ ಇನ್ನೂ ಸೊಗಸು. ಅಡಿಕೆ ತೋಟದ ಬಗ್ಗೆ ಯಾರೋ ಮಾಡಿದ ಕಿರುಚಿತ್ರದಲ್ಲಿ ಮುದುಕರೊಬ್ಬರು ‘ಕೊನೆ ತೆಗೆಯುವ ಸಮಯ ಬಂತು, ಕೊನೆಗಾರ ಬಂದಿಲ್ಲ’ ಎನ್ನುತ್ತಾರೆ. ಅಡಿಕೆ ಗೊನೆಯನ್ನು ಕೊನೆ ಎನ್ನುತ್ತೇವೆ, ಮರ ಹತ್ತಿ ಕೊಯ್ಯುವವನು ಕೊನೆಗಾರ. ಕೆಳಗೆ ಮೂಡಿದ ಇಂಗ್ಲಿಷಿನಲ್ಲಿ ಅಂತ್ಯಕಾಲ ಬಂದಿತ್ತು, ಅಂತಿಮ ಮನುಷ್ಯ ಮಾತ್ರ ಬಂದಿರಲಿಲ್ಲ. ಅದೇ ಚಿತ್ರದಲ್ಲಿ ‘ಈ ವರ್ಷ ಕೊಳೆ ಜಾಸ್ತಿ’ ಎಂಬ ಮಾತು ಊರಿನವರು ಸ್ನಾನ ಮಾಡುವುದಿಲ್ಲವೇನೋ ಎಂಬ ಅರ್ಥಕ್ಕೆ ತಿರುಗಿತ್ತು. ಮಳೆಗಾಲದಲ್ಲಿ ಕಾಯಿ ಉದುರಿಸುವ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಹೊಡೆದು ಸೋತವರ ಸಂಕಟ ಅದು ಎಂದು ಅನುವಾದಕರಿಗೆ ಹೇಗೆ ತಿಳಿಯಬೇಕು? ಹಾಳೆಟೊಪ್ಪಿ ಕಾಗದದ ಟೊಪ್ಪಿ ಆಗಿತ್ತು. ಅಡಿಕೆಯ ಹಾಳೆಯನ್ನು ಕಾಣದವರು ನೋಟ್ ಪುಸ್ತಕದ ಹಾಳೆಯನ್ನಲ್ಲದೆ ಇನ್ನೇನನ್ನು ನೆನೆದಾರು!

ಸಲಹೆ ಕೇಳಿದ್ದೀರಿ. ಕನ್ನಡ ಸಬ್‌ಟೈಟಲ್ ಆರಿಸುವಾಗ ಮೊದಲ ಹತ್ತು ನಿಮಿಷ ನೀವೊಬ್ಬರೇ ನೋಡಿ. ಒಂದು ಸಲಕ್ಕೆ ಎರಡು ಸಾಲು ಮೀರದೆ, ಓದಿ ಮುಗಿಯುವಷ್ಟು ಹೊತ್ತು ನಿಂತು, ‘ನೀನು–ನೀವು’ ಹದ ತಪ್ಪದೆ ಇದ್ದರೆ ಮಿಕ್ಕ ಕೆಲಸವನ್ನೂ ನಂಬಬಹುದು. ಬಂಧುತ್ವದ ಪದಗಳಲ್ಲಿ ಎಡವಿದ್ದರೆ ಮುಂದೆ ಹೋಗಬೇಡಿ. ನಿಮ್ಮ ತಾಯಿಯವರ ವಯಸ್ಸಿನವರಿಗೆ ಅರ್ಧ ತಪ್ಪಿರುವ ಬರಹಕ್ಕಿಂತ ಬರಹವೇ ಇಲ್ಲದ ಒಳ್ಳೆಯ ಚಿತ್ರ ಮೇಲು. ಕೇಳಿಸದಿದ್ದರೆ ಊಹಿಸುತ್ತಾರೆ, ತಪ್ಪಾಗಿ ಬರೆದದ್ದನ್ನು ಮಾತ್ರ ಅಚ್ಚಾದದ್ದೆಂದು ನಂಬಿಬಿಡುತ್ತಾರೆ.

ಶಿವಮೊಗ್ಗದಿಂದ, ಮುದ್ರಣಾಲಯದಲ್ಲಿ ಕರಡು ತಿದ್ದುವವರು

ಲಕಾರ ಳಕಾರಗಳ ಕಡೆ ನನ್ನ ಕಣ್ಣು ಮೊದಲು ಹೋಗುತ್ತದೆ. ಮದುವೆಮನೆಯ ದೃಶ್ಯದಲ್ಲಿ ಅಡುಗೆಭಟ್ಟರು ‘ಇನ್ನೊಂದು ಸೌಟು ಹುಲಿ ಹಾಕಲೇ?’ ಎಂದು ಕೇಳುತ್ತಾರೆ, ಅತಿಥಿ ‘ಸಾಕು, ಹುಲಿ ಬಹಳ ರುಚಿಯಾಗಿದೆ’ ಎನ್ನುತ್ತಾನೆ. ಅರಣ್ಯ ಇಲಾಖೆಯವರು ನೋಡದಿದ್ದರೆ ಸಾಕೆಂದುಕೊಂಡೆ. ಇನ್ನೊಂದರಲ್ಲಿ ದೇವಿಯ ‘ಬಳಿ’ ಬಂದ ಭಕ್ತರೆಲ್ಲ ‘ಬಲಿ’ ಬಂದಿದ್ದರು.

ಒಂದು ತಾಂತ್ರಿಕ ಮಾತು. ಒತ್ತಕ್ಷರಗಳು ಒಡೆದು, ‘ಸ್ತ್ರೀ’ ಎಂಬುದು ಮೂರು ತುಂಡಾಗಿ ಕಾಣಿಸಿದರೆ ಅದು ಅನುವಾದಕರ ತಪ್ಪಲ್ಲ. ಚಿತ್ರ ತೋರಿಸುವ ತಂತ್ರಾಂಶಕ್ಕೆ ಕನ್ನಡ ಅಕ್ಷರ ಜೋಡಿಸಲು ಬರುತ್ತಿಲ್ಲ ಎಂದರ್ಥ. ಫಾಂಟನ್ನು ಬದಲಿಸಿ ನೋಡಿ, ಆಗದಿದ್ದರೆ ಬೇರೆ ತಂತ್ರಾಂಶದಲ್ಲಿ ಹಾಕಿ.

ಸೊರಬದಿಂದ, ಎಲೆಕ್ಟ್ರಾನಿಕ್ಸ್ ಅಂಗಡಿ ಇಟ್ಟಿರುವವರು

ಸಬ್‌ಟೈಟಲ್ ವಿಚಾರಕ್ಕೆ ಮೊದಲು ಟಿ.ವಿ.ಯ ಧ್ವನಿಯ ಸೆಟ್ಟಿಂಗ್ ನೋಡಿ ಎನ್ನುತ್ತೇನೆ, ಏಕೆಂದರೆ ನನ್ನ ಅಂಗಡಿಗೆ ‘ಸಂಗೀತ ಕಿವಿ ಕಿತ್ತುಹೋಗುವಂತೆ ಬರುತ್ತದೆ, ಮಾತು ಕೇಳುವುದಿಲ್ಲ’ ಎಂದು ಬರುವವರಲ್ಲಿ ಕಿವಿ ಚೆನ್ನಾಗಿರುವವರೇ ಹೆಚ್ಚು. ಇಂದಿನ ಚಿತ್ರಗಳ 5.1 ಧ್ವನಿಯಲ್ಲಿ, ಅಂದರೆ ಆರು ಸ್ಪೀಕರುಗಳಿಗೆ ಹಂಚಿದ ಧ್ವನಿಯಲ್ಲಿ, ಮಾತನ್ನು ಬಹುಮಟ್ಟಿಗೆ ನಡುವಿನ ಸ್ಪೀಕರಿಗೆಂದು ಇಟ್ಟಿರುತ್ತಾರೆ. ಎರಡೇ ಸ್ಪೀಕರಿನ ಟಿ.ವಿ.ಯಲ್ಲಿ ಅದು ಸಂಗೀತದೊಂದಿಗೆ ಬೆರೆತು ಅಡಗಿಹೋಗುತ್ತದೆ. ಚಿತ್ರದ ಧ್ವನಿ ಆಯ್ಕೆಯಲ್ಲಿ ‘ಸ್ಟೀರಿಯೋ’ ಇದ್ದರೆ ಅದನ್ನು ಒತ್ತಿ, ಟಿ.ವಿ.ಯಲ್ಲಿ ಮಾತನ್ನು ಎತ್ತಿ ಕೊಡುವ ‘ವಾಯ್ಸ್’ ಆಯ್ಕೆಯಿದ್ದರೆ ಅದನ್ನೂ ಹಾಕಿ. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ.

ಚಿತ್ರಗಳಲ್ಲಿ 2024ರ ‘ಕೆರೆಬೇಟೆ’ಯನ್ನು ಹೇಳದಿದ್ದರೆ ಊರಿನವರು ನನ್ನನ್ನು ಬಿಡಲಾರರು. ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ಊರಿಗೂರೇ ಕೂಣಿ ಎಂಬ ಮೀನು ಹಿಡಿಯುವ ಬಿದಿರಿನ ಬುಟ್ಟಿ ಹಿಡಿದು ಒಟ್ಟಿಗೆ ಮೀನಿಗಿಳಿಯುವ ನಮ್ಮ ಕಡೆಯ ಪದ್ಧತಿಯ ಸುತ್ತ ಕಟ್ಟಿದ ಕಥೆ, ಮಾತೂ ನಮ್ಮ ಕಡೆಯದೇ. ನಾಯಕನ ಸಿಟ್ಟು ಅತಿಯಾಯಿತೆಂಬುದು ನನ್ನ ಅಭಿಪ್ರಾಯ. ಆದರೆ ಕೆಸರಿನಲ್ಲಿ ನೂರಾರು ಜನ ಒಮ್ಮೆಗೆ ನುಗ್ಗುವುದನ್ನು ನೋಡಿ ನನ್ನ ತಂದೆಯವರು ಕುರ್ಚಿಯಿಂದ ಎದ್ದು ನಿಂತಿದ್ದರು. 2025ರ ‘ಕಾಂತಾರ’ ಅಧ್ಯಾಯ 1 ದೊಡ್ಡ ಪರದೆಯಲ್ಲಿ ನನಗೆ ಬಹಳ ಮೆಚ್ಚುಗೆಯಾಯಿತು, ಆದರೂ ಶ್ರವಣಯಂತ್ರ ಹಾಕಿದವರಿಗೆ ಅದನ್ನು ಹೇಳಲಾರೆ. ಯಂತ್ರ ಮಾತನ್ನಷ್ಟೇ ಅಲ್ಲ, ವಾದ್ಯಗಳ ಅಬ್ಬರವನ್ನೂ ಎತ್ತಿ ಕೊಡುತ್ತದೆ.

ಭದ್ರಾವತಿಯಿಂದ

ತೀರ್ಥಹಳ್ಳಿಯ ಅಕ್ಕನವರ ಮಾತಿಗೆ ಒಂದು ಸಣ್ಣ ತಿದ್ದುಪಡಿ: ಕಾರ್ಟೂನು ಚಿತ್ರಗಳಲ್ಲಿ ಡಬ್ಬಿಂಗ್ ತೊಂದರೆ ಕೊಡುವುದಿಲ್ಲ, ಏಕೆಂದರೆ ಅಲ್ಲಿನ ತುಟಿಯನ್ನು ಯಾರೂ ಓದುವುದಿಲ್ಲ. ನನ್ನ ಅತ್ತೆಯವರು ಮೊಮ್ಮಕ್ಕಳ ಜೊತೆ ಕುಳಿತು ನೋಡುತ್ತಾರೆ, ಅವರಿಗೆ ಕೇಳದ್ದನ್ನು ಮಕ್ಕಳು ಎರಡು ಸಲ ಕೂಗಿ ಹೇಳುತ್ತಾರೆ. ನಗಬೇಕೆನಿಸಿದರೆ 2025ರ ‘ಸು ಫ್ರಮ್ ಸೋ’ ನೋಡಿ. ಕರಾವಳಿಯ ಮಾತು ನಿಮಗೆ ದೂರವೇನಲ್ಲ.

ಹೆಗ್ಗೋಡಿನ ಬಳಿಯಿಂದ, ಕೃಷಿಕರು

ಇತ್ತೀಚಿನದನ್ನೇ ಕೇಳಿದ್ದೀರಿ, ನಾನು ಇತ್ತೀಚೆಗೆ ನೋಡಿದ್ದೆಲ್ಲವೂ ಹಳೆಯದು. ನೀನಾಸಮ್ ಚಿತ್ರಸಮಾಜ 1973ರಲ್ಲಿ ಶುರುವಾದ ಮೇಲೆ, ಹೊರಗೆ ಜೀರುಂಡೆ ಕೂಗುತ್ತಿರುವಾಗ ಜಪಾನಿನ ಕುರೊಸಾವಾ, ಸತ್ಯಜಿತ್ ರಾಯ್ ಮುಂತಾದವರ ಚಿತ್ರಗಳನ್ನು ನೋಡಿ ಬೆಳೆದವರು ನಾವು. ಜಪಾನೀ ಮಾತು ಯಾರಿಗೂ ಬಾರದು, ಕೆಳಗಿನ ಇಂಗ್ಲಿಷ್ ಓದುವಷ್ಟು ವೇಗ ನನಗಿರಲಿಲ್ಲ. ಪಕ್ಕದಲ್ಲಿ ಕುಳಿತ ದೊಡ್ಡಪ್ಪ ಪಿಸುಗುಟ್ಟುತ್ತಿದ್ದರು. ಅವರು ಹೇಳಿದ್ದರಲ್ಲಿ ಎಷ್ಟು ಚಿತ್ರದ್ದು, ಎಷ್ಟು ಅವರದ್ದು ಎಂದು ನನಗೆ ಇಂದಿಗೂ ಅನುಮಾನವಿದೆ, ಏಕೆಂದರೆ ಬಹಳ ವರ್ಷಗಳ ನಂತರ ಸರಿಯಾದ ಸಬ್‌ಟೈಟಲ್‌ನೊಂದಿಗೆ ನೋಡಿದಾಗ ಒಬ್ಬ ಸಮುರಾಯ್ ಕೂಡ ಅಡಿಕೆಯ ದರದ ಬಗ್ಗೆ ಏನನ್ನೂ ಹೇಳಲಿಲ್ಲ.

ನನ್ನ ಸಲಹೆಯೆಂದರೆ ಮಾತು ಕಡಿಮೆಯಿರುವ ಚಿತ್ರವನ್ನು ಹುಡುಕಿ. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರಾದ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರದು. ಜೀರ್ಣೋದ್ಧಾರಗೊಂಡ ಅದರ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಅದರಲ್ಲಿನ ವಿಧವೆ ಯಮುನಕ್ಕನ ಕಷ್ಟವನ್ನು ಅವಳನ್ನು ಹಚ್ಚಿಕೊಂಡ ಪುಟ್ಟ ಹುಡುಗನ ಕಣ್ಣಿನಲ್ಲೇ ಓದಬಹುದು. ಅದು ಬಹಳ ಭಾರವೆನಿಸಿದರೆ, ಸಾಗರದ ನಾ. ಡಿಸೋಜ ಅವರ ಕಾದಂಬರಿಯನ್ನು ಆಧರಿಸಿ ಕಾಸರವಳ್ಳಿಯವರೇ ಮಾಡಿದ, ಸೌಂದರ್ಯ ನಟಿಸಿ ನಿರ್ಮಿಸಿದ ‘ದ್ವೀಪ’. ಅದರಲ್ಲಿ ಮಾತಿಗಿಂತ ಮಳೆ ಹೆಚ್ಚು. ಹೊಸನಗರದವರಾದ್ದರಿಂದ ಅಣೆಕಟ್ಟಿನ ನೀರಿನಲ್ಲಿ ಊರುಗಳು ಮುಳುಗಡೆಯಾದ ಸಂಗತಿ ನಿಮ್ಮ ಮನೆಗೆ ಹತ್ತಿರದ್ದಾಗಿರಬಹುದು, ವಿಚಾರಿಸಿಕೊಂಡು ತೋರಿಸಿ.

ಮೂರು ವಾರಗಳ ನಂತರ, ಹೊಸನಗರದಿಂದ ಮತ್ತೆ

ಎಲ್ಲರಿಗೂ ಕೃತಜ್ಞತೆಗಳು. ಸೊರಬದವರು ಹೇಳಿದಂತೆ ‘ಸ್ಟೀರಿಯೋ’ಗೆ ಬದಲಿಸಿದ್ದರಿಂದಲೇ ಅರ್ಧ ಸಮಸ್ಯೆ ಕಳೆಯಿತು, ಅಷ್ಟು ದಿನ ನಾನೇಕೆ ಅದನ್ನು ನೋಡಲಿಲ್ಲವೆಂದು ನಾಚಿಕೆಯಾಯಿತು. ‘ಶಾಖಾಹಾರಿ’ಯನ್ನು ಅಮ್ಮ ಕಣ್ಣು ಮಿಟುಕಿಸದೆ ನೋಡಿದರು. ಸಾಗರದವರ ಕೊನೆಗಾರನ ಪ್ರಸಂಗವನ್ನು ಓದಿ ಹೇಳಿದ ಮೇಲೆ, ನಮ್ಮ ತೋಟಕ್ಕೆ ಬರುವವನನ್ನೂ ‘ಅಂತಿಮ ಮನುಷ್ಯ ಬಂದನೇ?’ ಎಂದೇ ಕೇಳುತ್ತಿದ್ದಾರೆ.

‘ದ್ವೀಪ’ಕ್ಕೆ ಎರಡು ಸಂಜೆ ಬೇಕಾಯಿತು. ಅಮ್ಮನ ತವರು ಶರಾವತಿಯ ಮುಳುಗಡೆಯಲ್ಲಿ ಹೋದದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅವರಿಗೆ ಹದಿನೈದು ವರ್ಷ. ಪರದೆಯ ಮೇಲೆ ನೀರು ಅಂಗಳಕ್ಕೆ ಬಂದಾಗ ಸಾಕು ಎಂದರು, ಮರುದಿನ ತಾವಾಗಿಯೇ ಉಳಿದದ್ದನ್ನು ಹಾಕು ಎಂದರು. ಆಮೇಲೆ ಅದೇ ವಿಷಯದ ಮೇಲಿನ ಒಂದು ಸಾಕ್ಷ್ಯಚಿತ್ರ ಹುಡುಕಿ ಹಾಕಿದೆ. ಯಂತ್ರವೇ ಬರೆದ ಇಂಗ್ಲಿಷ್ ಸಬ್‌ಟೈಟಲ್ ಅದಕ್ಕಿತ್ತು. ಮಾತನಾಡುತ್ತಿದ್ದ ಹಿರಿಯರು ‘ನಾವು ಮುಳುಗಡೆಯವರು’ ಎಂದರು. ಕೆಳಗೆ ‘ನಾವು ನೀರಿನಲ್ಲಿ ಮುಳುಗಿ ಸತ್ತವರು’ ಎಂಬರ್ಥದ ಸಾಲು ಮೂಡಿತು. ನಾನು ನಕ್ಕದ್ದನ್ನು ಕಂಡು ಏನೆಂದು ಕೇಳಿದರು, ವಿವರಿಸಿದೆ. ‘ಹಾಗಾದರೆ ನಾನು ಸತ್ತು ಅರವತ್ತು ವರ್ಷ ಆಯ್ತು ಅನ್ನು. ತಿಥಿಗೆ ಕರೆಯಲೇ ಇಲ್ಲವಲ್ಲ ಯಾರೂ’ ಎಂದು ಅವರೂ ನಕ್ಕರು.

ಈ ಭಾನುವಾರ ‘ಕೆರೆಬೇಟೆ’. ಕೂಣಿಯನ್ನು ಸರಿಯಾಗಿ ಹಿಡಿದಿದ್ದಾರೋ ಇಲ್ಲವೋ ಎಂದು ಅವರು ನೋಡಬೇಕಂತೆ.